ಯಕೃತ್ತಿನ ಹೈಡಾಟಿಡ್ ಚೀಲ ಮತ್ತು ಪಿತ್ತ ಸೋರಿಕೆಯ ತಡೆ: ಮಲಪ್ರಭಾ ಸೀಮೆಯ ನೆಲೆಯಿಂದ ಒಂದು ಚಾರಿತ್ರಿಕ ವಿವೇಚನೆ

ಯಕೃತ್ತಿನ ಶಸ್ತ್ರಚಿಕಿತ್ಸೆಯ ನಂತರ ಪಿತ್ತರಸವು ನಾಳದ ಹಾದಿ ಬಿಟ್ಟು ಹೊಟ್ಟೆಯೊಳಗೆ ಒಸರುವುದಕ್ಕೆ ಪಿತ್ತ ಸೋರಿಕೆ ಎನ್ನುತ್ತಾರೆ. ಈ ತೊಡಕಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗಡ್ಡೆಗಾಗಿ ನಡೆಯುವ ಛೇದನವನ್ನೂ ಯಕೃತ್ತಿನ ಕಸಿಯನ್ನೂ ಮುಂದಿಟ್ಟುಕೊಂಡಿದ್ದಾರೆ. ಆದರೆ ಮಲಪ್ರಭಾ ನದಿಯ ಸೀಮೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಂಥ ಕುರಿ ಸಾಕಣೆಯ ಸೀಮೆಯಲ್ಲಿ ನಿಂತು ನೋಡುವವರಿಗೆ ಹೈಡಾಟಿಡ್ ಚೀಲದ ಶಸ್ತ್ರಚಿಕಿತ್ಸೆಯೇ ಈ ವಿಷಯಕ್ಕೆ ಹತ್ತಿರದ ದಾರಿ.

ಎಕಿನೋಕಾಕಸ್ ಎಂಬ ಪುಟ್ಟ ಲಾಡಿಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದೊಂದಿಗೆ ಹುಲ್ಲಿಗೆ ಬಿದ್ದು ಕುರಿಯ ಹೊಟ್ಟೆ ಸೇರಿ, ಅಲ್ಲಿ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಚೀಲಗಳಾಗುತ್ತವೆ; ಇವೇ ಹೈಡಾಟಿಡ್ ಚೀಲಗಳು. ಕುರಿ ಕೊಯ್ದಾಗ ಎಸೆದ ಆ ಅಂಗವನ್ನು ನಾಯಿ ತಿಂದರೆ ಚಕ್ರ ಪೂರ್ಣವಾಗುತ್ತದೆ. ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವ, ಹಿಂಡಿನೊಂದಿಗೇ ನಾಯಿಗಳೂ ಊರಿಂದೂರಿಗೆ ಸಾಗುವ ಬದುಕಿನಲ್ಲಿ ಈ ಚಕ್ರಕ್ಕೆ ಬೇಕಾದದ್ದೆಲ್ಲವೂ ಒಂದೇ ಕಡೆ ಕೂಡಿಬರುತ್ತದೆ. ಕೈಗೋ ಸೊಪ್ಪಿಗೋ ಅಂಟಿದ ಮೊಟ್ಟೆ ಮನುಷ್ಯನ ಹೊಟ್ಟೆಗೆ ಹೋದರೆ ಚೀಲ ಹೆಚ್ಚಾಗಿ ಬೆಳೆಯುವುದು ಯಕೃತ್ತಿನಲ್ಲಿ. ಅದೂ ಎಷ್ಟು ನಿಧಾನವೆಂದರೆ, ರೋಗಿಗೆ ಅದರ ಅರಿವಾಗಲು ಹಲವು ವರ್ಷಗಳೇ ಹಿಡಿಯಬಹುದು.

ಚೀಲ ಬೆಳೆಯುತ್ತ ಸುತ್ತಲಿನ ಪಿತ್ತನಾಳಗಳನ್ನು ಒತ್ತುತ್ತದೆ, ಸವೆಸುತ್ತದೆ, ಕೊನೆಗೆ ತೂತು ಬೀಳಿಸುತ್ತದೆ. ಚೀಲದೊಳಗಿನ ಒತ್ತಡ ನಾಳದ ಒತ್ತಡಕ್ಕಿಂತ ಹೆಚ್ಚಾಗಿರುವವರೆಗೆ ಪಿತ್ತ ಚೀಲದೊಳಗೆ ಬರಲಾರದು. ವೈದ್ಯರು ಚೀಲವನ್ನು ಬರಿದುಮಾಡಿದ ಕೂಡಲೇ ಒತ್ತಡ ಇಳಿದು, ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ತೂತಿನಿಂದ ಪಿತ್ತ ಹರಿಯತೊಡಗುತ್ತದೆ. ಹೀಗಾಗಿ ಇಲ್ಲಿ ಸೋರಿಕೆಯ ಕಾರಣ ಶಸ್ತ್ರಚಿಕಿತ್ಸೆಗೆ ಮೊದಲೇ ಇರುತ್ತದೆ, ಶಸ್ತ್ರಚಿಕಿತ್ಸೆ ಅದನ್ನು ಬಯಲಿಗೆ ತರುತ್ತದೆ ಅಷ್ಟೆ. ತಡೆಯ ಉಪಾಯವೂ ಇದಕ್ಕೆ ತಕ್ಕಂತೆಯೇ ರೂಪುಗೊಂಡಿತು. ಸೂಜಿಯಿಂದ ಮೊದಲು ಹೀರಿದ ದ್ರವ ಸ್ಫಟಿಕದಂತೆ ತಿಳಿಯಾಗಿದೆಯೋ ಹಳದಿಯಾಗಿದೆಯೋ ಎಂದು ನೋಡುವುದು ಮೊದಲ ಹೆಜ್ಜೆ. ಹುಳುವಿನ ಪದರವನ್ನೆಲ್ಲ ತೆಗೆದ ಮೇಲೆ ಪೊಳ್ಳಿನೊಳಗೆ ಒಣ ಬಿಳಿ ಗಾಜ್ ಬಟ್ಟೆಯ ತುಂಡುಗಳನ್ನು ತುಂಬಿ, ಕೆಲವು ನಿಮಿಷ ಬಿಟ್ಟು, ಒಂದೊಂದಾಗಿ ಹೊರತೆಗೆದು ಹಳದಿ ಕಲೆ ಎಲ್ಲಿ ಬಿದ್ದಿದೆಯೆಂದು ಪರೀಕ್ಷಿಸುವುದು ಎರಡನೆಯದು. ಕಲೆ ಬಿದ್ದ ಜಾಗದಲ್ಲಿಯೇ ತೂತು ಹುಡುಕಿ ಹೊಲಿಗೆ ಹಾಕುತ್ತಾರೆ. ದುಬಾರಿ ಉಪಕರಣ ಯಾವುದನ್ನೂ ಬೇಡದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿರುವುದು ಅದರ ಸರಳತೆಯಿಂದ ಮಾತ್ರವಲ್ಲ, ಅದು ಕೇಳುವ ಪ್ರಶ್ನೆಯೇ ಸರಿಯಾದದ್ದು ಎಂಬುದರಿಂದ. ಹೊಲಿದು ಉಳಿದ ಪೊಳ್ಳನ್ನು ವಪೆಯಿಂದ, ಅಂದರೆ ಹೊಟ್ಟೆಯೊಳಗಿನ ಕೊಬ್ಬಿನ ಪರದೆಯಿಂದ, ತುಂಬುವ ಕ್ರಮವೂ ರೂಢಿಗೆ ಬಂದಿದೆ.

ಈ ಎಚ್ಚರ ಬಂದದ್ದು ಸುಲಭವಾಗಿ ಅಲ್ಲ. ಹುಳುವಿನ ಮರಿಗಳನ್ನು ಕೊಲ್ಲಲು ಚೀಲದೊಳಗೆ ಫಾರ್ಮಲಿನ್ ಸುರಿಯುವ ಪದ್ಧತಿ ಒಂದು ಕಾಲಕ್ಕೆ ವ್ಯಾಪಕವಾಗಿತ್ತು. ಅದು ತೂತಿನ ಮೂಲಕ ಪಿತ್ತನಾಳಗಳಿಗೆ ನುಗ್ಗಿ ಅವುಗಳನ್ನು ಸುಟ್ಟು ಕಿರಿದಾಗಿಸುವುದು ಕಂಡುಬಂದ ಮೇಲೆ ಅದನ್ನು ಕೈಬಿಡಲಾಯಿತು. ಅನಂತರ ಬಂದ ಗಾಢ ಉಪ್ಪುನೀರಿನ ವಿಷಯದಲ್ಲೂ ಚೀಲದ ದ್ರವ ಹಳದಿಯಾಗಿದ್ದರೆ ಒಳಗೆ ಹಾಕಬಾರದೆಂಬ ನಿಯಮ ನಿಂತಿತು.

ಯಕೃತ್ತಿನ ಛೇದನದ ಚರಿತ್ರೆ ಬೇರೊಂದು ದಾರಿ ಹಿಡಿದಿತ್ತು. 1908ರಲ್ಲಿ ಗ್ಲಾಸ್ಗೋದ ಜೇಮ್ಸ್ ಹೊಗಾರ್ತ್ ಪ್ರಿಂಗಲ್ ಯಕೃತ್ತಿಗೆ ಹೋಗುವ ರಕ್ತನಾಳಗಳನ್ನು ತಾತ್ಕಾಲಿಕವಾಗಿ ಒತ್ತಿಹಿಡಿಯುವ ಕ್ರಮವನ್ನು ವರ್ಣಿಸಿದಾಗ ವೈದ್ಯರ ಭಯವೆಲ್ಲ ರಕ್ತಸ್ರಾವದ್ದಾಗಿತ್ತು. ಫ್ರಾನ್ಸಿನ ಕ್ಲೋಡ್ ಕೂಯಿನೋ 1950ರ ದಶಕದಲ್ಲಿ ಯಕೃತ್ತನ್ನು ಎಂಟು ಭಾಗಗಳಾಗಿ ವಿಂಗಡಿಸಿ ತೋರಿಸಿದ ಮೇಲೆ, ಹನೋಯಿಯ ತೋನ್ ಥಾತ್ ತುಂಗ್ ಅವರಂಥವರ ಕೈಚಳಕದ ಬಲದಿಂದ ರಕ್ತಸ್ರಾವ ಹತೋಟಿಗೆ ಬಂದಂತೆ, ಪಿತ್ತದ ಸಮಸ್ಯೆ ಮುನ್ನೆಲೆಗೆ ಬಂದಿತು. ಕತ್ತರಿಸಿದ ಮೈಗೆ ಫೈಬ್ರಿನ್ ಅಂಟು ಬಳಿಯುವುದರಲ್ಲಿ ಹಲವರು ಭರವಸೆ ಇಟ್ಟರು. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಯಾದೃಚ್ಛಿಕ ಪರೀಕ್ಷೆಯಲ್ಲಿ ಆ ಅಂಟಿನಿಂದ ಗಮನಾರ್ಹ ಪ್ರಯೋಜನ ಕಾಣಲಿಲ್ಲ. ತೆರೆದ ನಾಳವನ್ನು ಹುಡುಕದೆ ಮೇಲೆ ಮುಚ್ಚಿದರೆ ಸಾಲದೆಂಬುದನ್ನು ಹೈಡಾಟಿಡ್ ಚೀಲ ಬಿಡಿಸುವವರು ಬಹಳ ಹಿಂದೆಯೇ ಕಂಡುಕೊಂಡಿದ್ದರು ಎನ್ನಲು ಅಡ್ಡಿಯಿಲ್ಲ.

ನಾಳದೊಳಗಿನ ಒತ್ತಡ ಇಳಿಸುವ ಉಪಾಯ 1974ರಲ್ಲಿ ಜಪಾನ್ ಮತ್ತು ಜರ್ಮನಿಗಳಲ್ಲಿ ದೊರೆಯಿತು: ಎಂಡೋಸ್ಕೋಪನ್ನು ಬಾಯಿಯಿಂದ ಸಣ್ಣಕರುಳಿನವರೆಗೆ ಇಳಿಸಿ, ಪಿತ್ತನಾಳದ ಬಾಯಿಯ ಸ್ನಾಯುವನ್ನು ಕೊಯ್ದು ಅಗಲಿಸಿದರೆ ಪಿತ್ತ ಸಹಜ ಹಾದಿಯಲ್ಲೇ ಇಳಿದು, ತೂತು ಸಾಮಾನ್ಯವಾಗಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಯಾವುದನ್ನು ಸೋರಿಕೆ ಎನ್ನಬೇಕೆಂಬುದಕ್ಕೂ ಅಳತೆ ಬಂತು: 2011ರ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರದ ಮೂರನೆಯ ದಿನ ಅಥವಾ ಆಮೇಲೆ, ಹೊಟ್ಟೆಯೊಳಗಿನ ದ್ರವ ಹೊರತರುವ ಡ್ರೇನ್ ಪೈಪಿನ ದ್ರವದಲ್ಲಿ ಪಿತ್ತದ ಹಳದಿ ವರ್ಣದ್ರವ್ಯವಾದ ಬಿಲಿರುಬಿನ್ ಪ್ರಮಾಣ ರಕ್ತದಲ್ಲಿರುವುದರ ಮೂರುಪಟ್ಟಾದರೂ ಇದ್ದರೆ ಅದು ಸೋರಿಕೆ.

ಮಲಪ್ರಭಾ ಸೀಮೆಯ ಈ ನಾಲ್ಕು ತಾಲ್ಲೂಕುಗಳ ರೋಗಿಗಳಿಗೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರುವುದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಂಥ ಊರುಗಳಲ್ಲಿ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಆರಂಭವಾದವು. ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಈ ದೂರ ದೊಡ್ಡದಲ್ಲ, ಆದರೆ ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರ್. ಪೈಪಿನೊಂದಿಗೇ ಊರಿಗೆ ಮರಳಿದ ರೋಗಿಯ ಮನೆಯವರು ಪೈಪಿಗೆ ಕಟ್ಟಿದ ಸಂಗ್ರಹದ ಚೀಲದಲ್ಲಿ ದಿನಕ್ಕೆಷ್ಟು ದ್ರವ ಬಂತು, ಯಾವ ಬಣ್ಣದ್ದು ಎಂದು ಬರೆದಿಡುವುದು, ಜ್ವರ ಅಥವಾ ಹೊಟ್ಟೆನೋವು ಬಂದರೆ ತಡಮಾಡದೆ ಹೊರಡುವುದು ಇಲ್ಲಿ ಚಿಕಿತ್ಸೆಯದೇ ಭಾಗವಾಗುತ್ತದೆ.

ಚೀಲಗಳನ್ನೆಲ್ಲ ಕೊಯ್ಯಬೇಕಿಲ್ಲ ಎಂಬ ತಿಳಿವಳಿಕೆ ಈಚಿನದು. ಸುಣ್ಣಗಟ್ಟಿ ನಿಷ್ಕ್ರಿಯವಾದ, ತೊಂದರೆ ಕೊಡದ ಚೀಲವನ್ನು ಸ್ಕ್ಯಾನ್ ಮಾಡಿಸುತ್ತ ಹಾಗೆಯೇ ಬಿಡಬಹುದೆಂದು 2010ರ ತಜ್ಞರ ಸಮ್ಮತ ಅಭಿಪ್ರಾಯ ಹೇಳುತ್ತದೆ. ಚಿಕ್ಕ ಚೀಲಗಳಲ್ಲಿ ಕೆಲವು ಹುಳುನಾಶಕ ಅಲ್ಬೆಂಡಜೋಲ್ ಮಾತ್ರೆಗೇ ಬಗ್ಗುತ್ತವೆ. ಚರ್ಮದ ಮೂಲಕ ಸೂಜಿ ಹಾಕಿ ಬರಿದುಮಾಡುವ ವಿಧಾನವೂ ಉಂಟು, ಆದರೆ ಪಿತ್ತನಾಳದ ಸಂಪರ್ಕವಿರುವ ಚೀಲಕ್ಕೆ ಅದು ನಿಷಿದ್ಧ.