ಮನೆಯ ಹವಾನಿಯಂತ್ರಕದ ದೋಷಗಳು (ಬಳ್ಳಾರಿ ಸೀಮೆ)

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಮನೆಗಳ ಹವಾನಿಯಂತ್ರಕಗಳಲ್ಲಿ, ಮುಖ್ಯವಾಗಿ ಬೇಸಿಗೆಯಲ್ಲಿ, ಕಾಣಿಸಿಕೊಳ್ಳುವ ತೊಂದರೆಗಳು ಮತ್ತು ಅವುಗಳ ಪತ್ತೆಯ ಕ್ರಮ. ಒಂದೇ ಯಂತ್ರದಿಂದ ಡಕ್ಟ್ ಮೂಲಕ ಮನೆಯನ್ನೆಲ್ಲ ತಂಪು ಮಾಡುವ ಕೇಂದ್ರೀಯ ವ್ಯವಸ್ಥೆ ಈ ಭಾಗದಲ್ಲಿ ಆಸ್ಪತ್ರೆ, ಹೋಟೆಲುಗಳಿಗೆ ಸೇರಿದ್ದು; ಮನೆಗಳಲ್ಲಿ ಅಪರೂಪ. ಮನೆಯೆಂದರೆ ಮಲಗುವ ಕೋಣೆಗೊಂದು ಸ್ಪ್ಲಿಟ್ ಎ.ಸಿ., ಹಾಲ್‌ನಲ್ಲೊಂದು ಕೂಲರ್. ಆದ್ದರಿಂದ ಇಲ್ಲಿ ಸ್ಪ್ಲಿಟ್ ಎ.ಸಿ.ಗೇ ಹೆಚ್ಚು ಜಾಗ. ಈ ಸೀಮೆಯ ದೂರುಗಳಲ್ಲಿ ಬಹುಪಾಲಿನ ಮೂಲ ಒಂದೇ: ಕೋಣೆಯಿಂದ ಎತ್ತಿ ತಂದ ಶಾಖವನ್ನು ಔಟ್‌ಡೋರ್ ಯೂನಿಟ್ ಹೊರಗೆ ಚೆಲ್ಲಲಾಗದೆ ಹೆಣಗುವುದು.

ಹಿನ್ನೆಲೆ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಮಧ್ಯಾಹ್ನಗಳು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು, ದಾಟುವುದು ವಾಡಿಕೆ. ನಗರದ ನಡುವೆಯೇ ಬೋಳು ಬಂಡೆಯ ಗುಡ್ಡಗಳಿವೆ. ಹಗಲು ಹೀರಿದ ಕಾವನ್ನು ಅವು ರಾತ್ರಿಯಿಡೀ ಬಿಡುತ್ತವೆ. ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಚಾವಣಿ ಬಿಸಿಲನ್ನು ಸಂಜೆಯವರೆಗೆ ತಡೆದು ಹಿಡಿಯುತ್ತಿತ್ತು. ದಂಡು ಪ್ರದೇಶದಲ್ಲಿ ಬ್ರಿಟಿಷರ ಕಾಲದ ಬಂಗಲೆಗಳು ಎತ್ತರದ ಸೂರು, ಅಗಲ ಜಗಲಿಗಳನ್ನು ನಂಬಿದ್ದವು. ಈಗಿನ ತೆಳು ಕಾಂಕ್ರೀಟ್ ಸ್ಲ್ಯಾಬಿಗೆ ಆ ಗುಣವಿಲ್ಲ. ಮೇಲಿನ ಮಹಡಿಯ ಪಶ್ಚಿಮ ಕೋಣೆಯಲ್ಲಿ ಒಂದೂವರೆ ಟನ್ ಎ.ಸಿ. ಸಂಜೆ ಆರಕ್ಕೂ 29 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಯಂತ್ರ ಸರಿಯಾಗಿಯೇ ಇರಬಹುದು. ಸ್ಲ್ಯಾಬಿನ ಶಾಖ ಅದರ ಶಕ್ತಿಗೆ ಮೀರಿರುತ್ತದೆ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಇಂಥ ಕೋಣೆಗೆ ರಿಪೇರಿಗಿಂತ ತಾರಸಿಗೆ ಬಿಳಿ ಬಣ್ಣ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಹೆಚ್ಚು ಫಲ ಕೊಡುತ್ತವೆ.

ಔಟ್‌ಡೋರ್ ಯೂನಿಟ್ ಮತ್ತು ಶಾಖದ ಲೆಕ್ಕ

ಎ.ಸಿ. ಪೆಟ್ಟಿಗೆಯ ಮೇಲೆ ಬರೆದ ಸಾಮರ್ಥ್ಯವನ್ನು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವ ಪ್ರಯೋಗಾಲಯದಲ್ಲಿ ಅಳೆದಿರುತ್ತಾರೆ. 2018ರಿಂದ ಸ್ಟಾರ್ ಗುರುತಿಗೆ ಕಡ್ಡಾಯವಾದ, ಇಡೀ ಋತುವಿನ ದಕ್ಷತೆಯನ್ನು ಅಳೆಯುವ ಐಎಸ್‌ಇಇಆರ್ ಲೆಕ್ಕ 24ರಿಂದ 43 ಡಿಗ್ರಿವರೆಗಿನ ಹವೆಯನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಆದರೆ ಬಳ್ಳಾರಿಯಲ್ಲಿ ಔಟ್‌ಡೋರ್ ಕೂರುವ ಜಾಗ ಹವಾಮಾನ ಕೇಂದ್ರದ ನೆರಳಲ್ಲ, ಕಾದ ತಾರಸಿ. ಪಕ್ಕದ ಗೋಡೆಗೆ ಬಡಿದು ತನ್ನದೇ ಬಿಸಿಗಾಳಿ ಮರಳಿ ಬಂದರೆ ಕಾಯಿಲ್ ಎಳೆದುಕೊಳ್ಳುವ ಗಾಳಿ 48 ಡಿಗ್ರಿ ದಾಟುವುದು ಕಷ್ಟವಲ್ಲ.

ಕಾಯಿಲಿನೊಳಗೆ ಶಾಖ ಹೊತ್ತು ತರುವ ಅನಿಲ ದ್ರವವಾಗಬೇಕಾದರೆ ಅದರ ಉಷ್ಣತೆ ಹೊರಗಿನ ಗಾಳಿಗಿಂತ ಹೆಚ್ಚಿರಬೇಕು, ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ಆರ್-410ಎ ತುಂಬಿದ ಯಂತ್ರದಲ್ಲಿ ಅದು 45 ಡಿಗ್ರಿಗೆ ದ್ರವವಾಗುತ್ತಿದ್ದರೆ ಒತ್ತಡ ಚದರ ಅಂಗುಲಕ್ಕೆ ಸುಮಾರು 380 ಪೌಂಡ್. 55 ಡಿಗ್ರಿಗೆ 480ರ ಹತ್ತಿರ. ಈಗ ಹೆಚ್ಚು ಮಾರಾಟವಾಗುವ ಆರ್-32ರಲ್ಲಿ ಇನ್ನೂ ತುಸು ಜಾಸ್ತಿ. ಹಳೆಯ ಆರ್-22ರಲ್ಲಿ 55 ಡಿಗ್ರಿಗೆ 300ರ ಆಸುಪಾಸು. ಅಷ್ಟು ಒತ್ತಡಕ್ಕೆ ತಳ್ಳಲು ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಕಡಿಮೆ ತಂಪು ಕೊಡುತ್ತದೆ. ಹೊರಗಿನ ಹವೆ ಹತ್ತು ಡಿಗ್ರಿ ಏರಿದರೆ ಸಾಮರ್ಥ್ಯದಲ್ಲಿ ಹತ್ತನೇ ಒಂದು ಪಾಲಿನಷ್ಟು ಕುಸಿತವನ್ನು ನಿರೀಕ್ಷಿಸಬಹುದು. ಕಂಪ್ರೆಸರ್ ತೀರ ಕಾದರೆ ಒಳಗಿನ ಓವರ್‌ಲೋಡ್ ಅದನ್ನು ನಿಲ್ಲಿಸುತ್ತದೆ. ಉಕ್ಕಿನ ಆ ಗುಂಡು ತಣಿದು ಮತ್ತೆ ಶುರುವಾಗಲು ಕೆಲವೊಮ್ಮೆ ಒಂದು ಗಂಟೆಗೂ ಮೀರಿ ಬೇಕು. ಮಧ್ಯಾಹ್ನ ಮೂರಕ್ಕೆ ನಿಂತು ರಾತ್ರಿ ತಾನಾಗಿ ನೆಟ್ಟಗಾಗುವ ಎ.ಸಿ.ಯ ಕಥೆ ಬಹುಮಟ್ಟಿಗೆ ಇದೇ.

ಇದಕ್ಕೆ ಧೂಳು ಸೇರಿಕೊಳ್ಳುತ್ತದೆ, ಮತ್ತು ಧೂಳು ಊರಿಂದೂರಿಗೆ ಬೇರೆ. ಅದಿರಿನ ಲಾರಿಗಳು ಓಡಾಡುವ ರಸ್ತೆಗಳ ಬದಿಯಲ್ಲಿ ಕೆಂಧೂಳು. ಹಲಕುಂದಿ, ವೇಣಿವೀರಾಪುರದ ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತ ಕರಿ ಮಸಿ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಹೊಟ್ಟು ಮತ್ತು ಹೊಟ್ಟಿನ ಬೂದಿ. ಹೊಟ್ಟು ಮಳೆಗೆ ನೆನೆದು ಒಣಗಿದರೆ ಕಾಯಿಲಿನ ಮೈಗೆ ಕಂಬಳಿ ಹೊದಿಸಿದಂತೆ ಕೂರುತ್ತದೆ, ಬ್ರಷ್ಷಿಗೆ ಬಗ್ಗುವುದಿಲ್ಲ. ಪರೀಕ್ಷೆ ಸರಳ: ಮೇನ್ ಆಫ್ ಮಾಡಿ, ಕಾಯಿಲಿನ ಒಂದು ಬದಿಗೆ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಬೇಕು. ಫಿನ್‌ಗಳ ಸಂದಿಯಲ್ಲಿ ಬೆಳಕು ಬಾರದಿದ್ದರೆ ಉಳಿದ ಯಾವ ಪರೀಕ್ಷೆಗೂ ಮೊದಲು ತೊಳೆಯಬೇಕು. ಯಂತ್ರ ತಣ್ಣಗಿರುವಾಗ, ಮೆಲು ಧಾರೆಯಲ್ಲಿ, ಒಳಗಿನಿಂದ ಹೊರಕ್ಕೆ ನೀರು ಬಿಡುವುದು ಕ್ರಮ. ಮೊದಲು ಇಳಿಯುವ ನೀರು ನಗರದಲ್ಲಿ ಇಟ್ಟಿಗೆ ಬಣ್ಣಕ್ಕಿರುತ್ತದೆ. ತಿಳಿ ನೀರು ಬರುವವರೆಗೆ ನಿಲ್ಲಿಸಬಾರದು. ಕೊಳವೆ ಬಾವಿಯ ಗಡಸು ನೀರನ್ನು ಓಡುತ್ತಿರುವ ಔಟ್‌ಡೋರ್‌ಗೆ ದಿನವೂ ಚಿಮುಕಿಸುವ ರೂಢಿ ಕೆಲವೆಡೆ ಇದೆ. ಆ ಗಳಿಗೆಗೆ ತಂಪು ಸಿಕ್ಕರೂ ನೀರು ಆವಿಯಾಗಿ ಉಪ್ಪು ಫಿನ್‌ಗಳಲ್ಲೇ ಉಳಿದು ಅಲ್ಯುಮಿನಿಯಂ ತಿನ್ನುವುದರಿಂದ ಅದು ಸಲ್ಲದು.

‘ಗ್ಯಾಸ್ ಹೋಗೈತಿ’

ತಂಪು ಕಡಿಮೆಯಾದ ಕೂಡಲೇ ಮೆಕ್ಯಾನಿಕ್ಕೂ ಮನೆಯವರೂ ಮೊದಲು ಆಡುವ ಮಾತು ಇದು. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಅನಿಲ ಬಳಸಿದಷ್ಟಕ್ಕೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಸೋರಿಕೆ ಮುಚ್ಚದೆ ತುಂಬಿದ್ದು ಮತ್ತೆ ಹೋಗುತ್ತದೆ. ಪ್ರತಿ ಬೇಸಿಗೆಗೆ ಗ್ಯಾಸ್ ಹಾಕಿಸುವುದು ನಿರ್ವಹಣೆಯ ಭಾಗ ಎಂಬ ನಂಬಿಕೆ ಜನರ ಹಣವನ್ನು ಸುಮ್ಮನೆ ಹಾಳು ಮಾಡುತ್ತಿದೆ.

ಅನಿಲ ನಿಜಕ್ಕೂ ಕಡಿಮೆಯಿದ್ದರೆ ಸಣ್ಣ ಕೊಳವೆಯ ವಾಲ್ವ್ ಬಳಿ, ಇಂಡೋರ್ ಕಾಯಿಲಿನ ಮೊದಲ ಕೆಲವು ಬಾಗುಗಳಲ್ಲಿ ಮಾತ್ರ ಮಂಜು ಕಟ್ಟುತ್ತದೆ. ಇಡೀ ಕಾಯಿಲು, ದಪ್ಪ ಕೊಳವೆ ಎರಡೂ ಹಿಮಗಟ್ಟಿದ್ದರೆ ಸಂಶಯ ಮೊದಲು ಗಾಳಿಯ ಮೇಲೆ ಹೋಗಬೇಕು: ಕೊಳೆ ತುಂಬಿದ ಫಿಲ್ಟರ್, ಧೂಳು ಮೆತ್ತಿದ ಬ್ಲೋವರ್. ಕೊಳವೆ ಜೋಡಿಸುವ ಫ್ಲೇರ್ ನಟ್ ಸುತ್ತ ಎಣ್ಣೆ ಜಿಡ್ಡು ಕಂಡರೆ ಅಲ್ಲಿ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಬೇಕು. ಸೋರಿಕೆ ಮುಚ್ಚಿ, ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸಿ, ವ್ಯಾಕ್ಯೂಮ್ ಎಳೆದು, ಯಂತ್ರದ ಫಲಕದಲ್ಲಿ ನಮೂದಿಸಿದ ಗ್ರಾಂ ತೂಕದಷ್ಟೇ ಅನಿಲ ತುಂಬುವುದು ಸರಿಯಾದ ವಿಧಾನ. ಗೇಜಿನ ಮುಳ್ಳು ನೋಡಿ ಅಂದಾಜಿಗೆ ತುಂಬುವುದು ಈ ಸೀಮೆಯಲ್ಲಿ ವಿಶೇಷ ಅಪಾಯಕಾರಿ. ಔಟ್‌ಡೋರ್ ಕಾಯಿಲು ಕಟ್ಟಿಕೊಂಡಾಗಲೂ ತಂಪು ಕುಗ್ಗುತ್ತದೆ. ಅದನ್ನು ಅನಿಲದ ಕೊರತೆಯೆಂದು ತಿಳಿದು ಇನ್ನಷ್ಟು ತುಂಬಿದರೆ ಮೊದಲೇ ಏರಿದ್ದ ಒತ್ತಡ ಮತ್ತೂ ಏರಿ ಕಂಪ್ರೆಸರ್ ಸುಡಬಹುದು. ಆರ್-32 ಬೆಂಕಿ ಹಿಡಿಯಬಲ್ಲ ಅನಿಲ. ಒಳಗೆ ಅನಿಲ ಇರುವಾಗ ಕೊಳವೆಗೆ ಗ್ಯಾಸ್ ಟಾರ್ಚ್ ಹಚ್ಚಕೂಡದು.

ಯಂತ್ರ ತನ್ನ ಕೆಲಸ ಮಾಡುತ್ತಿದೆಯೇ ಎಂದು ಮನೆಯವರೇ ಅಂದಾಜು ಮಾಡಬಹುದು. ಹದಿನೈದು ನಿಮಿಷ ಓಡಿದ ಮೇಲೆ ಒಳಸೇರುವ ಗಾಳಿಗೂ ಹೊರಬೀಳುವ ಗಾಳಿಗೂ 8ರಿಂದ 12 ಡಿಗ್ರಿ ಅಂತರವಿರಬೇಕು. ಬಳ್ಳಾರಿಯ ಒಣ ಹವೆಯಲ್ಲಿ ಅದು ಮೇಲಿನ ಅಂಚಿಗೇ ಇರುವುದು ಸಹಜ.

ವಿದ್ಯುತ್ತಿನ ದೋಷಗಳು

ಇನ್ವರ್ಟರ್ ಅಲ್ಲದ ಎ.ಸಿ.ಯಲ್ಲಿ ಹೊರಗಿನ ಫ್ಯಾನ್ ತಿರುಗುತ್ತಿದ್ದು ಕಂಪ್ರೆಸರ್ ಗುಂಯ್ ಎಂದು ಕೆಲವು ಕ್ಷಣದಲ್ಲೇ ಟಕ್ ಎಂದು ನಿಂತರೆ ಮೊದಲ ಗುಮಾನಿ ಕೆಪಾಸಿಟರ್ ಮೇಲೆ. ಕಾವು ಅದರ ಆಯುಸ್ಸನ್ನು ತಿನ್ನುತ್ತದೆ. ಹತ್ತು ಡಿಗ್ರಿ ಹೆಚ್ಚಿದರೆ ಆಯುಸ್ಸು ಅರ್ಧವಾಗುತ್ತದೆಂಬುದು ತಂತ್ರಜ್ಞರ ಸ್ಥೂಲ ನಿಯಮ. ಉಬ್ಬಿದ ತಲೆ ಸ್ಪಷ್ಟ ಗುರುತು, ಆದರೆ ಉಬ್ಬದೆಯೂ ಸಾಮರ್ಥ್ಯ ಇಳಿದಿರಬಹುದು, ಮೀಟರಿನಲ್ಲಿ ಅಳೆಯಬೇಕು. ಮೇನ್ ಆಫ್ ಮಾಡಿದ ಮೇಲೂ ಅದರೊಳಗೆ ಚಾರ್ಜ್ ಉಳಿಯುವುದರಿಂದ ಮನೆಯವರು ಮುಟ್ಟಬಾರದು.

ಸಂಜೆ ಎಲ್ಲರ ಎ.ಸಿ. ಒಟ್ಟಿಗೆ ಓಡುವಾಗ, ಅದರಲ್ಲೂ ಲೈನಿನ ಕೊನೆಯ ಮನೆಗಳಲ್ಲಿ, ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಬಿದ್ದಷ್ಟೂ ಕಂಪ್ರೆಸರ್ ಎಳೆಯುವ ಕರೆಂಟ್ ಏರುತ್ತದೆ. ಕಪ್ಪಾದ ಪ್ಲಗ್, ಕರಗಿದ ಸಾಕೆಟ್ ಅದರ ಕುರುಹು. ಒಂದೂವರೆ ಟನ್ ಯಂತ್ರಕ್ಕೆ 16 ಆಂಪಿಯರ್ ಸಾಕೆಟ್, ಬೋರ್ಡಿನಿಂದ ಪ್ರತ್ಯೇಕ 4 ಚದರ ಮಿ.ಮೀ. ತಾಮ್ರದ ವೈರ್ ಇರಲಿ. ಬಂಡೆ ನೆಲದ ಬಡಾವಣೆಗಳಲ್ಲಿ ಅರ್ಥಿಂಗ್ ಕಡೆಗಣಿಸುವಂತಿಲ್ಲ: ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ಥ್ ಹಿಡಿಯುವುದೇ ಇಲ್ಲ, ವಾರಕ್ಕೆರಡು ಸಲ ನೀರು ಹಾಕಬೇಕು. ಇನ್ವರ್ಟರ್ ಎ.ಸಿ.ಗಳ ಸರ್ಕ್ಯೂಟ್ ಬೋರ್ಡಿಗೆ ಹಲ್ಲಿ ಹೊಕ್ಕು ಸುಡುವುದೂ ಉಂಟು. ವೈರ್ ಒಳಹೋಗುವ ತೂತನ್ನು ಮುಚ್ಚಿದರೆ ಸಾಕು.

ನೀರು

ಇಂಡೋರ್‌ನಿಂದ ಗೋಡೆಗೆ ನೀರು ಇಳಿದರೆ ಡ್ರೈನ್ ಪೈಪ್ ಕಟ್ಟಿದೆ ಅಥವಾ ಯಂತ್ರದ ವಾಟ ತಪ್ಪಿದೆ. ಧೂಳು ನೀರಿಗೆ ಸೇರಿ ಕೆಸರಾಗಿ ಟ್ರೇಯ ಬಾಯಲ್ಲೇ ಕೂರುತ್ತದೆ. ಪೈಪಿನ ಹೊರತುದಿಯಿಂದ ಕೆಸರನ್ನು ಹೀರಿ ಎಳೆಯುವುದು ಲೇಸು, ಊದಿದರೆ ಕೆಸರು ಮರಳಿ ಟ್ರೇಗೆ ಬರುತ್ತದೆ. ಏಪ್ರಿಲಿನಲ್ಲಿ ಬಳ್ಳಾರಿಯ ಎ.ಸಿ.ಯಿಂದ ನೀರೇ ಬರುತ್ತಿಲ್ಲವೆಂಬುದು ದೋಷವಲ್ಲ, ಹವೆಯಲ್ಲಿ ತೇವವಿಲ್ಲ ಅಷ್ಟೆ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದ ಮೇಲೆ ಸಿರುಗುಪ್ಪದಲ್ಲಿ ಅದೇ ಯಂತ್ರ ಬಕೆಟ್ ತುಂಬಿಸುತ್ತದೆ.

ಕೂಲರ್ ಮತ್ತು ಡಕ್ಟ್

ಕೂಲರಿನ ಕಥೆಯೂ ತೇವದ್ದೇ. 40 ಡಿಗ್ರಿ ಶಾಖ, ಶೇ. 20 ಆರ್ದ್ರತೆ ಇದ್ದಾಗ ಒಳ್ಳೆಯ ಪ್ಯಾಡ್ ಗಾಳಿಯನ್ನು 26 ಡಿಗ್ರಿಯ ಸಮೀಪಕ್ಕೆ ಇಳಿಸಬಲ್ಲದು. ತೇವದ ದಿನಗಳಲ್ಲಿ ಸೆಕೆಯನ್ನೇ ಹೆಚ್ಚಿಸುತ್ತದೆ. ಎದುರಿನ ಕಿಟಕಿ ತೆರೆಯದಿದ್ದರೆ ಒಣ ದಿನವೂ ಅಷ್ಟೆ. ಕುರುಗೋಡಿನಂತೆ ಕೊಳವೆ ಬಾವಿ ನೀರನ್ನೇ ಬಳಸುವ ಮನೆಗಳಲ್ಲಿ ಪ್ಯಾಡಿಗೆ ಬಿಳಿ ಉಪ್ಪು ಕಟ್ಟುವುದರಿಂದ ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಬೇಕು.

ಡಕ್ಟ್ ಇರುವ ಮನೆಗಳಲ್ಲಿ ಒಂದು ಕೋಣೆ ತಣ್ಣಗಿದ್ದು ಇನ್ನೊಂದು ಕಾದಿದ್ದರೆ ಮುಚ್ಚಿಹೋದ ಡ್ಯಾಂಪರ್, ಫಾಲ್ಸ್ ಸೀಲಿಂಗ್ ಮೇಲೆ ಬಿಚ್ಚಿಕೊಂಡ ಕೀಲು, ಇಲಿ ಕಡಿದ ಹೊದಿಕೆ ನೋಡಬೇಕು. ಸ್ಲ್ಯಾಬಿಗೂ ಸೀಲಿಂಗಿಗೂ ನಡುವಿನ ಆ ಸಂದಿ ಬೇಸಿಗೆಯಲ್ಲಿ ಮನೆಯ ಅತಿ ಬಿಸಿ ಜಾಗ. ಅಲ್ಲಿ ಸೋರಿದ ತಂಪು ಗಾಳಿ ಕೋಣೆಗೆ ಮುಟ್ಟುವುದಿಲ್ಲ.