ಕೆಂಪು ಶಾಯಿಯಲ್ಲಿ ಬರೆದ ಹೆಸರುಗಳು

ಅಮೆರಿಕದ ಬಾಲ್ಟಿಮೋರ್ ನಗರದ ಪೊಲೀಸ್ ಕೊಲೆ ವಿಭಾಗದ ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡು ಇತ್ತು. ಕೊಲೆಯಾದವರ ಹೆಸರುಗಳನ್ನು ಅದರ ಮೇಲೆ ಬರೆಯುತ್ತಿದ್ದರು. ಕೊಂದವನು ಸಿಗದಿದ್ದರೆ ಕೆಂಪು ಶಾಯಿ, ಸಿಕ್ಕರೆ ಕಪ್ಪು. 1988ರ ಒಂದೇ ವರ್ಷದಲ್ಲಿ ಆ ಊರಿನಲ್ಲಿ 234 ಕೊಲೆಗಳಾದವು. ಬೀದಿ ತಿರುವಿನಲ್ಲಿ ಹೆರಾಯಿನ್, ಕೊಕೇನ್ ಮಾರುತ್ತ ಸತ್ತ ಹುಡುಗರ ಹೆಸರುಗಳೂ ಅವುಗಳಲ್ಲಿ ಬೇಕಾದಷ್ಟಿದ್ದವು. ಆ ವರ್ಷವಿಡೀ ಒಬ್ಬ ಯುವ ವರದಿಗಾರ ಪತ್ತೇದಾರರ ಜೊತೆ ತಿರುಗಾಡಿ, ಬೋರ್ಡಿನ ಮುಂದೆ ನಿಂತು ಎಲ್ಲವನ್ನೂ ಬರೆದುಕೊಂಡ. ಅವನ ಹೆಸರು ಡೇವಿಡ್ ಸೈಮನ್. ಪೊಲೀಸ್ ಕಥನದ ಉದ್ದನೆಯ ದಾರಿ ಆ ಬೋರ್ಡಿನ ಮುಂದೆ ಬಂದು ತಿರುವು ಪಡೆಯಿತು ಎಂಬುದು ನನ್ನ ನಂಬಿಕೆ.

ಪತ್ತೇದಾರ ಎಂದೊಡನೆ ನಮಗೆ ನೆನಪಾಗುವವನು ಒಬ್ಬಂಟಿ ಬುದ್ಧಿವಂತ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. 1841ರಲ್ಲಿ ಎಡ್ಗರ್ ಅಲನ್ ಪೋ ಸೃಷ್ಟಿಸಿದ ದ್ಯುಪ್ಯಾನನೂ ಅಂಥವನೇ. ಅವನ ಎದುರು ಪೊಲೀಸರು ಪೆದ್ದರಂತೆ ಕಾಣುತ್ತಿದ್ದರು. ನಾನು ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯವನ ಕಥೆ: ಸಂಬಳಕ್ಕೆ ದುಡಿಯುವ, ಮೇಲಧಿಕಾರಿಗೆ ಉತ್ತರ ಹೇಳಬೇಕಾದ, ಚುನಾವಣೆ ಬಂದರೆ ನಡುಗುವ ಪತ್ತೇದಾರ. ಅವನ ಕಥೆ ಬೆಳೆದು ಬಂದ ಬಗೆಯನ್ನು ಅಳೆಯಲು ನನಗೆ ತೋಚುವ ಅಳತೆಗೋಲು ಒಂದೇ. ಸತ್ತವನು ಮರ್ಯಾದಸ್ಥನಲ್ಲದೆ ಡ್ರಗ್ಸ್ ಮಾರುವವನಾಗಿದ್ದರೆ ಆ ಕಥೆ ಅವನನ್ನು ಮನುಷ್ಯನೆಂದು ಎಣಿಸುತ್ತದೆಯೇ?

ನಗರ ರಾಜಕೀಯವನ್ನು ಕೊಲೆಯ ಕಥೆಯೊಳಗೆ ತಂದವನು ಡಾಶಿಯಲ್ ಹ್ಯಾಮೆಟ್. ಹುಟ್ಟಿದ್ದು 1894ರಲ್ಲಿ, ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದಲ್ಲಿ. 1915ರಲ್ಲಿ ಪಿಂಕರ್ಟನ್ ಖಾಸಗಿ ಪತ್ತೇದಾರಿ ಸಂಸ್ಥೆಯ ಕೆಲಸಕ್ಕೆ ಸೇರಿದ್ದೂ ಬಾಲ್ಟಿಮೋರಿನಲ್ಲೇ. 1929ರ 'ರೆಡ್ ಹಾರ್ವೆಸ್ಟ್' ಕಾದಂಬರಿಯಲ್ಲಿ ಒಂದು ಇಡೀ ಊರು ಕೊಳೆತಿದೆ. ಗಣಿಯ ಧಣಿ, ಪೊಲೀಸ್ ಮುಖ್ಯಸ್ಥ, ಕಳ್ಳಭಟ್ಟಿಯವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತವರು. 1931ರ 'ದ ಗ್ಲಾಸ್ ಕೀ' ಇನ್ನೂ ನಿಖರ. ಚುನಾವಣೆ ಹತ್ತಿರವಿರುವಾಗ ಸೆನೆಟರ್ ಒಬ್ಬರ ಮಗ ಬೀದಿಯಲ್ಲಿ ಹೆಣವಾಗಿ ಸಿಗುತ್ತಾನೆ. ಕೊಂದವನು ಯಾರು ಎಂಬ ಪ್ರಶ್ನೆಯನ್ನು ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪ್ರಶ್ನೆ ಹಿಂದಕ್ಕೆ ತಳ್ಳುತ್ತದೆ. ಆದರೆ ಅಲ್ಲಿ ಸತ್ತವನು ಸೆನೆಟರ್ ಮಗ. ಹೆಸರಿಲ್ಲದವನೊಬ್ಬ ಸತ್ತಿದ್ದರೆ ಆ ಊರು ಎದ್ದು ಕೂರುತ್ತಿರಲಿಲ್ಲ.

ಪೊಲೀಸರ ದಿನಚರಿಯನ್ನೇ ಕಥೆಯಾಗಿಸುವ ಬಗೆ ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ನಂತರ. 1945ರಲ್ಲಿ ಬಂದ ಲಾರೆನ್ಸ್ ಟ್ರೀಟನ 'ವಿ ಆ್ಯಸ್ ಇನ್ ವಿಕ್ಟಿಮ್' ಕಾದಂಬರಿಯನ್ನು ಈ ಬಗೆಯ ಮೊದಲನೆಯದೆಂದು ಹಲವರು ಗುರುತಿಸುತ್ತಾರೆ. ಅದನ್ನು ಮನೆಮಾತಾಗಿಸಿದ್ದು ಜ್ಯಾಕ್ ವೆಬ್‌ನ 'ಡ್ರ್ಯಾಗ್ನೆಟ್': 1949ರಲ್ಲಿ ರೇಡಿಯೊ, 1951ರಿಂದ ಟಿ.ವಿ. ಲಾಸ್ ಏಂಜಲಿಸ್ ಪೊಲೀಸರು ತಮ್ಮ ಕಡತಗಳನ್ನೇ ತೆರೆದುಕೊಟ್ಟರು. ಪ್ರತಿಯಾಗಿ ಕಾರ್ಯಕ್ರಮ ಇಲಾಖೆಯ ಗೌರವ ಕಾಯಿತು. ಲಂಚ, ಬಣ್ಣದ ಭೇದ, ಲಾಠಿಯೇಟು ಅಲ್ಲಿ ಸುಳಿಯಲಿಲ್ಲ. ಪೊಲೀಸರ ಸಹಾಯದಿಂದ ತಯಾರಾದ ಕಥೆ ಪೊಲೀಸರ ಕಣ್ಣಿನಿಂದಲೇ ನೋಡುತ್ತದೆ. ಈ ಸಾಲ ಇಂದಿಗೂ ಪೂರ್ತಿ ತೀರಿಲ್ಲ.

ಈ ಹಾದಿಯಲ್ಲಿ ನನಗೆ ಬಹಳ ಮುಖ್ಯವೆನಿಸುವ ವರ್ಷ 1956. ಎಡ್ ಮೆಕ್‌ಬೇನ್ ಎಂಬ ಹೆಸರಿನಲ್ಲಿ ಇವಾನ್ ಹಂಟರ್ ಅದೇ ವರ್ಷ '87ನೇ ಪ್ರಿಸಿಂಕ್ಟ್' ಸರಣಿ ಆರಂಭಿಸಿದ. 2005ರಲ್ಲಿ ಅವನು ಸಾಯುವ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಕಾದಂಬರಿಗಳಾಗಿದ್ದವು. ಒಬ್ಬ ನಾಯಕನ ಜಾಗದಲ್ಲಿ ಇಡೀ ಠಾಣೆಯನ್ನು ನಿಲ್ಲಿಸಿದ್ದು ಅವನ ಹೊಸತನ. ಸರಣಿಯ ಮೂರನೆಯ ಕಾದಂಬರಿ 'ದ ಪುಷರ್' ಅದೇ ವರ್ಷದ್ದು. ಚಳಿಗಾಲದ ಒಂದು ರಾತ್ರಿ ನೆಲಮಾಳಿಗೆಯಲ್ಲಿ, ಕೊರಳಿಗೆ ಹಗ್ಗ ಬಿಗಿದ ಸ್ಥಿತಿಯಲ್ಲಿ ಒಬ್ಬ ಹುಡುಗನ ಹೆಣ ಸಿಗುತ್ತದೆ. ಅವನು ಹೆರಾಯಿನ್ ಮಾರುತ್ತಿದ್ದವನು. ತನಿಖೆ ಮುಂದುವರಿದಂತೆ ಠಾಣೆಯ ಲೆಫ್ಟಿನೆಂಟ್‌ನ ಸ್ವಂತ ಮಗನೇ ಚಟಕ್ಕೆ ಬಿದ್ದಿದ್ದಾನೆಂದು ಬಯಲಾಗುತ್ತದೆ. ಡ್ರಗ್ಸ್ ಮಾರುವವನ ಸಾವು ಅಧಿಕಾರಿಯ ಮನೆಯ ಹೊಸಿಲು ದಾಟಿ ಒಳಗೆ ಬಂದಾಗ ಮಾತ್ರ ಅದು ಭಾರವಾಗುತ್ತದೆ. ಮೆಕ್‌ಬೇನನಿಗೆ ಇದು ಅರ್ಥವಾಗಿತ್ತು. ಅದನ್ನು ಮೀರಿ ಆ ಹುಡುಗನ ಬದುಕಿನೊಳಕ್ಕೆ ಹೋಗುವ ವ್ಯವಧಾನ ಆ ಪುಟ್ಟ ಪುಸ್ತಕಕ್ಕೆ ಇರಲಿಲ್ಲ.

ಕರಿಯರ ಕೇರಿಯನ್ನು ಒಳಗಿನಿಂದ ಬರೆದವನು ಚೆಸ್ಟರ್ ಹೈಮ್ಸ್. ಯೌವನದಲ್ಲಿ ದರೋಡೆಗಾಗಿ ಒಹಾಯೊದಲ್ಲಿ ಜೈಲು ಕಂಡವನು. ಅಮೆರಿಕದ ವರ್ಣಭೇದದಿಂದ ಬೇಸತ್ತು ಪ್ಯಾರಿಸ್ಸಿಗೆ ಹೋಗಿ, ಅಲ್ಲಿನ ಪ್ರಕಾಶಕರ ಒತ್ತಾಯಕ್ಕೆ ನ್ಯೂಯಾರ್ಕಿನ ಹಾರ್ಲೆಮ್‌ನ ಇಬ್ಬರು ಕರಿಯ ಪತ್ತೇದಾರರ ಕಥೆಗಳನ್ನು ಬರೆದ. ಮೊದಲನೆಯದು 1957ರಲ್ಲಿ ಬಂತು. ಮರುವರ್ಷ ಫ್ರಾನ್ಸಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನವೂ ಬಂತು. ಅವನ ಪತ್ತೇದಾರರಿಗೆ ಎರಡೂ ಕಡೆಯಿಂದ ಪೆಟ್ಟು: ಬಿಳಿಯ ಅಧಿಕಾರಿಗಳು ನಂಬುವುದಿಲ್ಲ, ಕೇರಿಯ ಜನ ಹತ್ತಿರ ಸೇರಿಸುವುದಿಲ್ಲ. 1969ರ 'ಬ್ಲೈಂಡ್ ಮ್ಯಾನ್ ವಿದ್ ಎ ಪಿಸ್ಟಲ್' ಹೊತ್ತಿಗೆ ಕೊಲೆ ಬಗೆಹರಿಯುವುದೇ ಇಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಪತ್ತೆಯೇ ಆಗದಿರುವುದು ಆ ಕಾಲಕ್ಕೆ ಎಂಥ ಧೈರ್ಯ! ಸ್ವೀಡನ್ನಿನ ಮೈ ಶೋವಾಲ್, ಪೇರ್ ವಾಲೂ ಜೋಡಿ 1965ರಿಂದ 1975ರವರೆಗೆ ಬರೆದ ಹತ್ತು ಕಾದಂಬರಿಗಳೂ ಕೊಲೆ ತನಿಖೆಯ ನೆಪದಲ್ಲಿ ಒಂದು ದೇಶದ ಆಡಳಿತವನ್ನೇ ತನಿಖೆಗೆ ಒಡ್ಡಿದವು. 1981ರಲ್ಲಿ ಶುರುವಾದ 'ಹಿಲ್ ಸ್ಟ್ರೀಟ್ ಬ್ಲೂಸ್' ಠಾಣೆಯ ಗದ್ದಲ, ಅರ್ಧಕ್ಕೆ ನಿಂತ ಪ್ರಕರಣ, ಮೇಲಧಿಕಾರಿಯ ರಾಜಕೀಯ ಮಹತ್ವಾಕಾಂಕ್ಷೆ ಇವನ್ನೆಲ್ಲ ಅಮೆರಿಕದ ಟಿ.ವಿ.ಗೆ ತಂದಿತು.

ಇಷ್ಟರ ಮೇಲೆ ಬಂದವನು ಸೈಮನ್. 'ಬಾಲ್ಟಿಮೋರ್ ಸನ್' ಪತ್ರಿಕೆಯಿಂದ ರಜೆ ಹಾಕಿ ಒಂದು ವರ್ಷ ಕೊಲೆ ವಿಭಾಗದಲ್ಲಿ ಕಳೆದು ಬರೆದ 'ಹೋಮಿಸೈಡ್' ಪ್ರಕಟವಾದದ್ದು 1991ರಲ್ಲಿ. ಅದರಲ್ಲಿ ಪತ್ತೇದಾರರ ಆಡುಮಾತೇ ಒಂದು ಸಮಾಜಶಾಸ್ತ್ರ. ಸುಲಭದಲ್ಲಿ ಬಗೆಹರಿಯುವ ಕೊಲೆಗೆ ಒಂದು ಹೆಸರು, ಸಾಕ್ಷಿಯೇ ಇಲ್ಲದ ಕೊಲೆಗೆ ಇನ್ನೊಂದು. ಮೇಯರ್, ಪತ್ರಿಕೆ, ಕಮಿಷನರ್ ಎಲ್ಲರ ಕಣ್ಣು ನೆಟ್ಟ ಪ್ರಕರಣಕ್ಕೆ 'ರೆಡ್ ಬಾಲ್'. ರೆಡ್ ಬಾಲ್ ಬಂದರೆ ಹೆಚ್ಚು ಜನ, ಓವರ್‌ಟೈಮ್ ಎಲ್ಲವೂ ಅದಕ್ಕೆ. ಬೀದಿಮೂಲೆಯಲ್ಲಿ ಬಿದ್ದ ಮಾರಾಟಗಾರನಿಗೆ ಒಬ್ಬ ಪತ್ತೇದಾರ, ಅವನ ಮೇಜಿನ ಮೇಲೆ ಆಗಲೇ ಇರುವ ನಾಲ್ಕಾರು ಕಡತ. ಸಾಕ್ಷಿ ನುಡಿದವನು ಮರುದಿನ ಅದೇ ಬೀದಿಯಲ್ಲಿ ಬದುಕಬೇಕು. ಹಾಗಾಗಿ ಯಾರೂ ಏನನ್ನೂ ಕಂಡಿರುವುದಿಲ್ಲ. ಕಂಡವರು ನ್ಯಾಯಾಲಯದ ಕಟಕಟೆ ಹತ್ತಿ ಮಾತು ಬದಲಿಸುತ್ತಾರೆ. ಮೇಲಿನವರಿಗೆ ಬೇಕಾದದ್ದು ಶೇಕಡಾವಾರು ಪತ್ತೆಯ ಲೆಕ್ಕ, ಏಕೆಂದರೆ ಚುನಾವಣೆಯಲ್ಲಿ ಓದಿ ಹೇಳಬಹುದಾದದ್ದು ಅದೊಂದೇ. ಸೈಮನ್ ಅಲ್ಲಿದ್ದ ವರ್ಷ ಊರಿನ ಮೇಯರ್ ಕರ್ಟ್ ಷ್ಮೋಕ್. ಅದಕ್ಕೂ ಮೊದಲು ನಗರದ ಮುಖ್ಯ ಸರ್ಕಾರಿ ವಕೀಲರಾಗಿದ್ದವರು, ಆ ಊರಿನ ಜನ ಆರಿಸಿದ ಮೊದಲ ಕರಿಯ ಮೇಯರ್. ಮಾದಕ ವಸ್ತುವನ್ನು ಅಪರಾಧವೆಂದು ನೋಡುವುದೋ, ಕಾಯಿಲೆಯೆಂದು ನೋಡುವುದೋ ಎಂದು ದೇಶ ಚರ್ಚಿಸಲಿ ಎಂದು 1988ರಲ್ಲೇ ಬಹಿರಂಗವಾಗಿ ಕೇಳಿ ಎಲ್ಲ ಕಡೆಯಿಂದ ಬೈಸಿಕೊಂಡರು.

'ಹೋಮಿಸೈಡ್' ಬಂದ ಮರುವರ್ಷವೇ, 1992ರಲ್ಲಿ, ರಿಚರ್ಡ್ ಪ್ರೈಸ್‌ನ 'ಕ್ಲಾಕರ್ಸ್' ಬಂತು. ಡ್ರಗ್ಸ್ ಮಾರುವವನ ಕೊಲೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಕಾದಂಬರಿಯನ್ನು ನಾನು ಓದಿಲ್ಲ. ನ್ಯೂಜೆರ್ಸಿಯ ಒಂದು ಕಾಲ್ಪನಿಕ ಊರು. ಸರ್ಕಾರಿ ವಸತಿ ಗೃಹಗಳ ಮುಂದಿನ ಬೆಂಚಿನ ಮೇಲೆ ಕೂತು ಹುಡುಗರಿಂದ ಕೊಕೇನ್ ಮಾರಿಸುವವನು ಸ್ಟ್ರೈಕ್. ವಯಸ್ಸು ಇಪ್ಪತ್ತರ ಆಸುಪಾಸು, ಹೊಟ್ಟೆಯಲ್ಲಿ ಆಗಲೇ ಹುಣ್ಣು. ಇನ್ನೊಬ್ಬ ಮಾರಾಟಗಾರ ಗುಂಡೇಟಿಗೆ ಸಾಯುತ್ತಾನೆ. ತಾನೇ ಕೊಂದೆನೆಂದು ಸ್ಟ್ರೈಕ್‌ನ ಅಣ್ಣ ಒಪ್ಪಿಕೊಳ್ಳುತ್ತಾನೆ. ಅವನು ಎರಡೆರಡು ಕಡೆ ದುಡಿದು ಸಂಸಾರ ಸಾಗಿಸುವ ಸಂಭಾವಿತ. ಪತ್ತೇದಾರ ರಾಕೋ ಕ್ಲೈನ್ ಇದನ್ನು ನಂಬಲು ಸಿದ್ಧನಿಲ್ಲ. ಒಳ್ಳೆಯವನು ಕೊಲ್ಲಲಾರ, ಡ್ರಗ್ಸ್ ಮಾರುವವನು ಕೊಂದೇ ಇರುತ್ತಾನೆ ಎಂಬ ಪೂರ್ವಗ್ರಹದ ಮೇಲೆ ಅವನ ಇಡೀ ತನಿಖೆ ನಿಂತಿದೆ. ಓದುವವರ ತಲೆಯಲ್ಲೂ ಅದೇ ಪೂರ್ವಗ್ರಹ ಇರುತ್ತದೆಂದು ಪ್ರೈಸ್‌ಗೆ ಗೊತ್ತು. ಉತ್ತರವನ್ನು ಇಲ್ಲಿ ಹೇಳುವುದಿಲ್ಲ. 1995ರಲ್ಲಿ ಸ್ಪೈಕ್ ಲೀ ಇದನ್ನು ಚಿತ್ರವಾಗಿಸಿ ಕಥೆಯನ್ನು ಬ್ರೂಕ್ಲಿನ್‌ಗೆ ಒಯ್ದ. ಚಿತ್ರ ಶುರುವಾಗುವುದು ಗುಂಡೇಟಿಗೆ ಸತ್ತ ತರುಣರ ಹೆಣಗಳ ಚಿತ್ರಗಳಿಂದ.

ಸೈಮನ್ ಪುಸ್ತಕವನ್ನು ಆಧರಿಸಿ ಎನ್‌ಬಿಸಿ ವಾಹಿನಿಯಲ್ಲಿ 'ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್' 1993ರಿಂದ 1999ರವರೆಗೆ 122 ಕಂತುಗಳಲ್ಲಿ ಬಂತು. ಆ ಬೋರ್ಡು ಈಗ ದೇಶದ ಮನೆಮನೆಗಳಲ್ಲಿ ಕಾಣಿಸಿತು. ಆದರೆ ವಾಹಿನಿಗೆ ವೀಕ್ಷಕರ ಸಂಖ್ಯೆ ಬೇಕು. ಡ್ರಗ್ಸ್ ಮಾರುವವನು ಅಲ್ಲಿ ನಯವಾದ ಖಳನಾಯಕ ಲೂಥರ್ ಮಹೋನಿಯಾಗಿ ಬಂದ. ಅವನನ್ನು ಪತ್ತೇದಾರನೊಬ್ಬ ಗುಂಡಿಟ್ಟು ಕೊಂದು, ಆ ಸಾವಿನ ಭಾರ ಇಡೀ ವಿಭಾಗವನ್ನು ಒಳಗಿಂದ ಕೊರೆಯುತ್ತ ಹೋಗುವ ಭಾಗ ಮಾತ್ರ ಇಂದಿಗೂ ಬೆಚ್ಚಿಬೀಳಿಸುತ್ತದೆ.

ಅಷ್ಟರಲ್ಲಿ ಸೈಮನ್‌ಗೆ ಎಡ್ ಬರ್ನ್ಸ್ ಜೊತೆಯಾಗಿದ್ದ. ಇಪ್ಪತ್ತು ವರ್ಷ ಪೊಲೀಸನಾಗಿ, ಬಳಿಕ ಶಾಲಾ ಮೇಷ್ಟ್ರಾದವನು ಬರ್ನ್ಸ್. ಇಬ್ಬರೂ ಸೇರಿ ಒಂದೇ ಬೀದಿಮೂಲೆಯ ಸಂಸಾರಗಳ ಬಗ್ಗೆ 'ದ ಕಾರ್ನರ್' (1997) ಬರೆದರು; ಕ್ಯಾಮೆರಾ ಪೊಲೀಸರ ಕಾರಿನಿಂದ ಇಳಿದು ಮೂಲೆಯಲ್ಲಿ ನಿಂತವರ ಮನೆಗೆ ಹೋದಂತೆ. ಅದರ ಫಲ 2002ರಿಂದ 2008ರವರೆಗೆ ಎಚ್‌ಬಿಒದಲ್ಲಿ ಬಂದ 'ದ ವೈರ್', ಒಟ್ಟು 60 ಕಂತು. ಮೊದಲ ದೃಶ್ಯವೇ ಬೀದಿಯಲ್ಲಿ ಬಿದ್ದ ಒಬ್ಬ ಚಿಲ್ಲರೆ ಕಳ್ಳನ ಹೆಣ. ಪತ್ತೇದಾರ ಮೆಕ್‌ನಲ್ಟಿ ಕೇಳುವುದು ಅವನ ಅಡ್ಡಹೆಸರಿನ ಬಗ್ಗೆ: ತಾಯಿ ಇಟ್ಟ ಹೆಸರು ಬೇರೆ ಇದ್ದವನಿಗೆ ಇಂಥ ಹೆಸರು ಹೇಗೆ ಅಂಟಿತು? 1991ರ ಪುಸ್ತಕದಲ್ಲಿ ದಾಖಲಾಗಿದ್ದ ನಿಜ ಪ್ರಸಂಗವದು.

ನಗರ ರಾಜಕೀಯ 'ದ ವೈರ್'ನ ಮೂರನೆಯ ಭಾಗದಲ್ಲಿ ಪೂರ್ತಿ ಮುಂದೆ ಬರುತ್ತದೆ. ಪ್ರತಿ ವಾರ ಅಂಕಿಅಂಶ ಹಿಡಿದು ನಿಲ್ಲಬೇಕಾದ ಪೊಲೀಸ್ ಮೇಜರ್ ಒಬ್ಬ ಸುಸ್ತಾಗಿ, ಖಾಲಿ ಮನೆಗಳ ಒಂದು ಬೀದಿಯಲ್ಲಿ ಡ್ರಗ್ಸ್ ಮಾರಾಟಕ್ಕೆ ಗುಟ್ಟಾಗಿ ಅವಕಾಶ ಕೊಡುತ್ತಾನೆ. ಅದೇ ಭಾಗದಲ್ಲಿ ಷ್ಮೋಕ್ ಅವರೇ ಆರೋಗ್ಯಾಧಿಕಾರಿಯ ಪಾತ್ರದಲ್ಲಿ ಕಾಣಿಸಿಕೊಂಡರು. ಕೊನೆಗೆ ದೊಡ್ಡ ವ್ಯಾಪಾರಿ ಸ್ಟ್ರಿಂಗರ್ ಬೆಲ್ ಕೊಲೆಯಾಗುತ್ತಾನೆ. ವರ್ಷಗಟ್ಟಲೆ ಅವನ ಬೆನ್ನು ಬಿದ್ದಿದ್ದ ಮೆಕ್‌ನಲ್ಟಿ ಅವನ ಮನೆಗೆ ಹೋದಾಗ ಕಪಾಟಿನಲ್ಲಿ ಆ್ಯಡಂ ಸ್ಮಿತ್‌ನ 'ವೆಲ್ತ್ ಆಫ್ ನೇಷನ್ಸ್' ಸಿಗುತ್ತದೆ. ತಾನು ಇಷ್ಟು ದಿನ ಅಟ್ಟಿಸಿಕೊಂಡು ಹೋದದ್ದು ಯಾರನ್ನು ಎಂದು ಅವನಿಗೇ ದಿಗಿಲಾಗುತ್ತದೆ. ಈ ಕಥನಕ್ಷೇತ್ರ ಏರಿದ ಅತಿ ಎತ್ತರದ ಜಾಗ ಇದೆಂದು ನಾನು ಭಾವಿಸುತ್ತೇನೆ.

ನಾಲ್ಕನೆಯ ಭಾಗದಲ್ಲಿ ಮೇಯರ್ ಚುನಾವಣೆ. ಸಾಕ್ಷಿಯೊಬ್ಬ ಕೊಲೆಯಾಗಿದ್ದಾನೆ, ಸತ್ಯ ಬೇಗ ಹೊರಬಂದರೆ ಮೇಯರ್‌ಗೆ ಪೆಟ್ಟು. ಹಾಗಾಗಿ ಪ್ರಕರಣವನ್ನು ನಿಧಾನಿಸಲೆಂದೇ ವಿಭಾಗಕ್ಕೆ ಹೊಸದಾಗಿ ಬಂದವಳ ಕೈಗೆ ಕೊಡುತ್ತಾರೆ. ಪಾಳುಮನೆಗಳಲ್ಲಿ ಬಚ್ಚಿಟ್ಟ ಹೆಣಗಳಿವೆ ಎಂದು ತಿಳಿದ ಮೇಲೂ ಬಾಗಿಲಿಗೆ ಹೊಡೆದ ಹಲಗೆ ಕೀಳಬೇಡಿ ಎಂಬ ಆದೇಶ, ಏಕೆಂದರೆ ವರ್ಷಾಂತ್ಯದ ಲೆಕ್ಕ ಕೆಡುತ್ತದೆ. ಐದನೆಯ ಭಾಗ ನನ್ನ ದೃಷ್ಟಿಯಲ್ಲಿ ಸೊರಗಿದ್ದು. ಪತ್ತೇದಾರ ಸುಳ್ಳು ಸರಣಿ ಹಂತಕನನ್ನು ಹುಟ್ಟುಹಾಕುವ ಕಥೆ ನಂಬಿಕೆಗೆ ನಿಲುಕುವುದಿಲ್ಲ. ಆದರೂ ಅದರಲ್ಲೊಂದು ಕ್ಷಣ ಮರೆಯಲಾಗದ್ದು. ಮಾರಾಟಗಾರರನ್ನೇ ದೋಚಿ ಬದುಕುತ್ತಿದ್ದ ಒಮರ್ ಸಾಯುತ್ತಾನೆ; ಪತ್ರಿಕೆಯಲ್ಲಿ ಜಾಗವಿಲ್ಲವೆಂದು ಸುದ್ದಿ ಅಚ್ಚಾಗುವುದೇ ಇಲ್ಲ; ಶವಾಗಾರದಲ್ಲಿ ಅವನ ಹೆಸರಿನ ಚೀಟಿ ಬೇರೆ ಹೆಣದ ಮೇಲಿರುತ್ತದೆ.

ಬಾಲ್ಟಿಮೋರ್‌ನ ನಿಜ ಇದಕ್ಕಿಂತ ಕಠೋರವಾಯಿತು. 2015ರಿಂದ 2022ರವರೆಗೆ ಆರು ಲಕ್ಷದ ಆಸುಪಾಸಿನ ಜನರಿರುವ ಆ ಊರಿನಲ್ಲಿ ಪ್ರತಿ ವರ್ಷ ಮುನ್ನೂರಕ್ಕೂ ಹೆಚ್ಚು ಕೊಲೆಗಳಾದವು. 2017ರಲ್ಲಿ, ಅಕ್ರಮ ಬಂದೂಕು ಪತ್ತೆಹಚ್ಚಲೆಂದು ರಚಿಸಿದ್ದ ವಿಶೇಷ ತಂಡದ ಪೊಲೀಸರೇ ಹಣ, ಡ್ರಗ್ಸ್ ದೋಚಿ ಮಾರುತ್ತಿದ್ದರೆಂದು ಬಂಧನಕ್ಕೊಳಗಾದರು. ಅದೇ ವರ್ಷ ಕೊಲೆ ವಿಭಾಗದ ಪತ್ತೇದಾರನೊಬ್ಬ ಗ್ರ್ಯಾಂಡ್ ಜ್ಯೂರಿ ಮುಂದೆ ಸಾಕ್ಷಿ ಹೇಳಬೇಕಿದ್ದ ಮುನ್ನಾದಿನ ತಲೆಗೆ ಗುಂಡು ತಗುಲಿ ಬಿದ್ದ. ಅದು ಕೊಲೆಯೋ ಆತ್ಮಹತ್ಯೆಯೋ ಎಂಬ ಜಗಳ ಮುಗಿಯಲಿಲ್ಲ. ಈ ಹಗರಣದ ಬಗ್ಗೆ ವರದಿಗಾರ ಜಸ್ಟಿನ್ ಫೆಂಟನ್ ಬರೆದ ಪುಸ್ತಕ ಆಧರಿಸಿ ಸೈಮನ್ ತಂಡ 2022ರಲ್ಲಿ 'ವಿ ಓನ್ ದಿಸ್ ಸಿಟಿ' ಟಿ.ವಿ. ಸರಣಿ ಮಾಡಿದಾಗ ಪೊಲೀಸನೇ ವ್ಯಾಪಾರಿಯಾಗಿದ್ದ. 2024ರಲ್ಲಿ ಕೊಲೆಗಳ ಸಂಖ್ಯೆ 201ಕ್ಕೆ ಇಳಿಯಿತು.

ಕಾದಂಬರಿ, ಟಿ.ವಿ. ಹೇಳದೆ ಉಳಿಸಿದ್ದನ್ನು ಹೇಳಿದ್ದು ಪತ್ರಕರ್ತೆ ಜಿಲ್ ಲಿಯೋವಿಯ 'ಘೆಟ್ಟೋಸೈಡ್' (2015). ಲಾಸ್ ಏಂಜಲಿಸ್‌ನ ದಕ್ಷಿಣ ಭಾಗದಲ್ಲಿ ಕರಿಯ ಯುವಕರ ಕೊಲೆಗಳು ಪತ್ತೆಯಾಗದೆ ಉಳಿಯುವುದೇ ಮುಂದಿನ ಕೊಲೆಗಳಿಗೆ ಕಾರಣ ಎಂದು ಆಕೆ ವಾದಿಸುತ್ತಾಳೆ. ಪ್ರಭುತ್ವ ನ್ಯಾಯ ಕೊಡದಿದ್ದರೆ ಬೀದಿ ತನ್ನದೇ ನ್ಯಾಯ ಕಟ್ಟಿಕೊಳ್ಳುತ್ತದೆ. ಅಮೆರಿಕದಲ್ಲಿ 1960ರ ದಶಕದ ಮೊದಲಿಗೆ ನೂರಕ್ಕೆ ತೊಂಬತ್ತು ಕೊಲೆಗಳು ಪತ್ತೆಯಾಗುತ್ತಿದ್ದವು. 2022ರ ಹೊತ್ತಿಗೆ ಅದು ಅರ್ಧಕ್ಕೆ ಇಳಿದಿತ್ತು.

ನಮ್ಮ ಪತ್ರಿಕೆಗಳಲ್ಲಿ 'ರೌಡಿಶೀಟರ್ ಬರ್ಬರ ಹತ್ಯೆ' ಎಂಬ ತಲೆಬರಹದಡಿ ನಾಲ್ಕು ಸಾಲು ಬರುತ್ತದೆ. 'ಹಳೇ ದ್ವೇಷ' ಎಂಬ ಎರಡು ಪದಗಳಲ್ಲಿ ಕಾರಣವೂ ಮುಗಿಯುತ್ತದೆ. ಅಪರಾಧ ವರದಿ ಮಾಡುವ ಕನ್ನಡದ ಯುವ ಪತ್ರಕರ್ತರಲ್ಲಿ ನನ್ನದೊಂದು ಕೋರಿಕೆ: ಠಾಣೆಯಿಂದ ಬಂದ ಪ್ರಕಟಣೆಯನ್ನು ಪಕ್ಕಕ್ಕಿಟ್ಟು, ಒಮ್ಮೆಯಾದರೂ ಸತ್ತವನ ಮನೆಗೆ ಹೋಗಿ ಬನ್ನಿ. ಆರು ತಿಂಗಳು ಬಿಟ್ಟು ಅದೇ ಠಾಣೆಗೆ ಮತ್ತೆ ಹೋಗಿ, ಆ ಕೇಸು ಏನಾಯಿತೆಂದು ಕೇಳಿ, ಉತ್ತರವನ್ನು ಅಚ್ಚು ಮಾಡಿ.