ತೊಗಲ ಹೊಲಿಗೆಯೂ ಯಂತ್ರವೂ



ಹೊಲಿಗೆಯ ಯಂತ್ರವಿಲ್ಲದ ಊರು ನಮ್ಮ ನಾಡಿನಲ್ಲಿ ಈಗ ವಿರಳ. ದರ್ಜಿಯ ಅಂಗಡಿಯಲ್ಲಿ, ಗೃಹಸ್ಥರ ಪಡಸಾಲೆಯಲ್ಲಿ, ಹೆಣ್ಣುಮಕ್ಕಳ ಹೊಲಿಗೆಯ ತರಗತಿಯಲ್ಲಿ ಅದು ಮರ್ಯಾದೆಯ ಸ್ಥಾನವನ್ನು ಪಡೆದಿದೆ. ಆದರೆ ಅದರ ಸೂಜಿಯ ಕೆಳಗೆ ಬಟ್ಟೆಯ ಬದಲು ತೊಗಲನ್ನು ಇಟ್ಟೊಡನೆಯೆ ಆ ಮರ್ಯಾದೆಯಲ್ಲಿ ಅರ್ಧ ಇಳಿದುಹೋಗುತ್ತದೆ. ಇದು ವಿಚಿತ್ರವಾದ ಸಂಗತಿ. ಏಕೆಂದರೆ, ಹೊಲಿಗೆಯ ಯಂತ್ರವೊಂದರ ಪೂರ್ಣವಾದ ಮೊದಲ ನಕ್ಷೆ ಸಿದ್ಧವಾದುದು ಬಟ್ಟೆಗಾಗಿ ಅಲ್ಲ, ತೊಗಲಿಗಾಗಿ. ಈ ಯಂತ್ರವು ಚಮ್ಮಾರನ ಕೈಯಿಂದ ಏನನ್ನು ಪಡೆಯಿತು, ಅವನಿಗೆ ಏನನ್ನು ಹಿಂದಕ್ಕೆ ಕೊಟ್ಟಿತು, ಇನ್ನೂ ಏನನ್ನು ಕೊಡಬೇಕಾಗಿದೆ ಎಂಬುದೇ ಈ ಭಾಷಣದ ವಿಷಯ.

ಮೊದಲು ನಮ್ಮ ಸೀಮೆಯಿಂದಲೇ ಆರಂಭಿಸೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಪ್ರದೇಶವು ಶಾಸನಗಳಲ್ಲಿ ‘ಕೋಗಳಿ ಐನೂರು’ ಎಂದು ಹೆಸರಾದ ನಾಡು. ನೊಳಂಬವಾಡಿ ಮೂವತ್ತೆರಡು ಸಾವಿರದ ಒಂದು ಭಾಗ. ೧೯೫೩ರವರೆಗೆ ಇದು ಮದರಾಸಿಗೆ ಸೇರಿದ್ದು, ಆ ವರ್ಷ ಮೈಸೂರಿನೊಡನೆ ಕೂಡಿತು. ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮಳೆ ಕಡಿಮೆ, ದನಕರು ಕುರಿಮೇಕೆಗಳು ಹೆಚ್ಚು. ಇಂತಹ ನಾಡಿನಲ್ಲಿ ತೊಗಲಿಲ್ಲದೆ ಬೇಸಾಯ ಸಾಗುತ್ತಿರಲಿಲ್ಲ. ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ ತೊಗಲಿನದು. ಎತ್ತಿನ ಮಿಣಿ ತೊಗಲಿನದು. ಬಾರುಕೋಲಿನ ಬಾರು, ಒಕ್ಕಲಿಗನ ಕಾಲಿನ ಕೆರ, ಹಬ್ಬದ ಹಲಗೆ, ಎಲ್ಲವೂ ತೊಗಲಿನವು. ಇವನ್ನು ಮಾಡಿಕೊಟ್ಟು, ಹರಿದಾಗ ಹೊಲಿದುಕೊಡುತ್ತಿದ್ದವನು ಊರಿನ ಆಯಗಾರರಲ್ಲೊಬ್ಬ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಪಾಲು ಸಲ್ಲುತ್ತಿತ್ತು; ಪಂಕ್ತಿಯಲ್ಲಿ ಸ್ಥಾನ ಮಾತ್ರ ಸಲ್ಲುತ್ತಿರಲಿಲ್ಲ.

ಈ ಕಸುಬಿನ ಆಯುಧಗಳು ಕೆಲವೇ: ತೊಗಲನ್ನು ಕೊಯ್ಯುವ ಮತ್ತು ಹೆರೆಯುವ ರಂಪಿಗೆ, ತೂತು ಮಾಡುವ ಉಳಿ, ತೊಗಲನ್ನು ಇಟ್ಟು ಬಡಿಯುವ ಅಡಿಗಲ್ಲು, ಮೇಣ ಸವರಿದ ದಾರ. ಇವುಗಳ ಪ್ರಾಚೀನತೆಗೆ ನಮ್ಮ ಸಾಹಿತ್ಯವೇ ಸಾಕ್ಷಿಯಾಗಿದೆ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗುಂಟಗಳು ಸೇರಿಕೊಂಡಿವೆ. ತನ್ನ ಕಸುಬಿನ ಸಲಕರಣೆಗಳನ್ನೇ ಕವಿ ತನ್ನ ಮುದ್ರೆಯಾಗಿ ಮಾಡಿಕೊಂಡ ಇಂತಹ ನಿದರ್ಶನ ಲೋಕಸಾಹಿತ್ಯದಲ್ಲಿಯೂ ಹೆಚ್ಚಾಗಿ ದೊರೆಯಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊಗಲನ್ನು ಹದಮಾಡುವ ದೋಹರ ಕಕ್ಕಯ್ಯನೂ, ಚಮ್ಮಾವುಗೆಯನ್ನು ಹೊಲಿಯುವ ಹರಳಯ್ಯನೂ ಶರಣರ ಗೋಷ್ಠಿಯಲ್ಲಿ ಸಮಾನರಾಗಿ ಕುಳಿತರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹಕ್ಕಾಗಿ ಆ ಇಬ್ಬರು ತಂದೆಯರೂ ಪ್ರಾಣವನ್ನೇ ತೆರಬೇಕಾಯಿತೆಂದು ಸಂಪ್ರದಾಯವು ಹೇಳುತ್ತದೆ. ಕೈಕಸುಬಿನ ಗೌರವದ ಪ್ರಶ್ನೆ ನಮಗೆ ಹೊಸದಲ್ಲ.

ಈಗ ದೃಷ್ಟಿಯನ್ನು ಪಶ್ಚಿಮದ ಕಡೆಗೆ ತಿರುಗಿಸೋಣ. ೧೭೯೦ರಲ್ಲಿ ಲಂಡನ್ ನಗರದ ಮರಗೆಲಸಗಾರನಾದ ಥಾಮಸ್ ಸೇಂಟ್ ಎಂಬಾತನು ಬೂಟು ಮತ್ತು ಪಾದರಕ್ಷೆಗಳ ತಯಾರಿಕೆಗೆ ಸಂಬಂಧಿಸಿದ ಒಂದು ಪೇಟೆಂಟನ್ನು ಪಡೆದನು. ಅದರಲ್ಲಿ ಅಂಟು, ಮೆರುಗೆಣ್ಣೆ ಮೊದಲಾದ ಪದಾರ್ಥಗಳ ವಿವರಣೆಗಳ ನಡುವೆ ಒಂದು ಹೊಲಿಗೆಯ ಯಂತ್ರದ ನಕ್ಷೆಯೂ ಅಡಗಿದ್ದಿತು. ಆ ಯಂತ್ರದ ಕ್ರಮ ಹೀಗಿದೆ: ಮೊದಲು ಒಂದು ಉಳಿ ಇಳಿದು ತೊಗಲಿನಲ್ಲಿ ತೂತು ಮಾಡುತ್ತದೆ; ಅನಂತರ ತುದಿ ಸೀಳಿದ ಸೂಜಿಯೊಂದು ದಾರವನ್ನು ಆ ತೂತಿನ ಮೂಲಕ ಕೆಳಕ್ಕೆ ತಳ್ಳುತ್ತದೆ; ಕೆಳಗೆ ದಾರವು ಕುಣಿಕೆಯಾಗಿ, ಮುಂದಿನ ಕುಣಿಕೆಯೊಡನೆ ಸರಪಣಿಯಂತೆ ಹೆಣೆದುಕೊಳ್ಳುತ್ತದೆ. ಅಂದರೆ ಸೇಂಟನು ಮಾಡಿದ್ದು ಚಮ್ಮಾರನ ಎರಡು ಕೈಗಳ ಕ್ರಮವನ್ನು ಕಂಡು, ಅದನ್ನು ಮರ ಮತ್ತು ಲೋಹಗಳಿಗೆ ಕಲಿಸುವ ಪ್ರಯತ್ನ. ಆ ನಕ್ಷೆಯು ಪಾದರಕ್ಷೆಗಳ ಕಡತದಲ್ಲಿ ಸೇರಿಹೋಗಿ, ಎಂಬತ್ತಕ್ಕೂ ಹೆಚ್ಚು ವರ್ಷಗಳ ಅನಂತರ ನ್ಯೂಟನ್ ವಿಲ್ಸನ್ ಎಂಬವನ ಕಣ್ಣಿಗೆ ಬಿದ್ದಿತು. ಅಷ್ಟು ಹೊತ್ತಿಗೆ ಇತರರು ಸ್ವತಂತ್ರವಾಗಿ ಅದೇ ದಾರಿಯನ್ನು ಕಂಡುಕೊಂಡಿದ್ದರು.

೧೮೩೦ರಲ್ಲಿ ಫ್ರಾನ್ಸಿನ ದರ್ಜಿ ತಿಮೋನಿಯೆ ತನ್ನ ಯಂತ್ರಕ್ಕೆ ಪೇಟೆಂಟು ಪಡೆದು, ಸೈನ್ಯದ ಉಡುಪುಗಳನ್ನು ಹೊಲಿಯತೊಡಗಿದನು. ಜೀವನೋಪಾಯವು ಹೋಗುವುದೆಂದು ಹೆದರಿದ ಪ್ಯಾರಿಸಿನ ದರ್ಜಿಗಳು ಮರುವರ್ಷವೇ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ೧೮೪೬ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಎಂಬವನು ತುದಿಯಲ್ಲಿಯೇ ಕಣ್ಣುಳ್ಳ ಸೂಜಿಯನ್ನೂ, ಕೆಳಗಿನಿಂದ ಇನ್ನೊಂದು ದಾರವನ್ನು ತರುವ ಲಾಳಿಯನ್ನೂ ಕೂಡಿಸಿ, ಎರಡು ದಾರಗಳು ಪರಸ್ಪರ ಬಿಗಿಯುವ ಹೊಲಿಗೆಯನ್ನು ಸಾಧಿಸಿದನು. ೧೮೫೧ರಲ್ಲಿ ಐಸಾಕ್ ಸಿಂಗರನು ನೇರವಾಗಿ ಮೇಲೆ ಕೆಳಗೆ ಚಲಿಸುವ ಸೂಜಿಯ ಯಂತ್ರವನ್ನು ತಂದು, ಅದನ್ನು ಲೋಕದ ಮಾರುಕಟ್ಟೆಗೆ ಇಳಿಸಿದನು.

ಮ್ಯಾಸಚೂಸೆಟ್ಸ್ ಪ್ರಾಂತ್ಯದ ಲಿನ್ ಎಂಬ ಪಟ್ಟಣವು ಪಾದರಕ್ಷೆಗಳಿಗೆ ಪ್ರಸಿದ್ಧವಾಗಿದ್ದಿತು. ಅಲ್ಲಿ ಗಂಡಸರು ಅಂಗಳದ ಸಣ್ಣ ಕೊಟ್ಟಿಗೆಗಳಲ್ಲಿ ಅಟ್ಟೆಯನ್ನು ಕೂಡಿಸುತ್ತಿದ್ದರು. ಮೇಲ್ಭಾಗದ ತೆಳು ತೊಗಲನ್ನು ಹೆಂಗಸರು ಮನೆಗಳಲ್ಲಿ ಕೈಯಿಂದ ಹೊಲಿಯುತ್ತಿದ್ದರು. ೧೮೫೦ರ ದಶಕದಲ್ಲಿ ಯಂತ್ರವು ಆ ತೆಳು ತೊಗಲಿಗೆ ಒಗ್ಗಿತು. ೧೮೫೮ರಲ್ಲಿ ಲೈಮನ್ ಬ್ಲೇಕ್ ಎಂಬವನು ಅಟ್ಟೆಯನ್ನು ಮೇಲ್ಭಾಗಕ್ಕೆ ಹೊಲಿಯುವ ಯಂತ್ರಕ್ಕೂ ಪೇಟೆಂಟು ಪಡೆದನು. ಕೆಲಸವು ಮನೆಯನ್ನು ಬಿಟ್ಟು ಕಾರ್ಖಾನೆಯನ್ನು ಸೇರಿತು. ಕೂಲಿಯ ದರ ಕುಸಿಯಿತು. ೧೮೬೦ರ ಫೆಬ್ರವರಿಯಲ್ಲಿ ಲಿನ್ ಪಟ್ಟಣದ ಗಂಡಸರೂ ಹೆಂಗಸರೂ ಹೂಡಿದ ಮುಷ್ಕರವು ಆ ದೇಶದಲ್ಲಿ ಅದುವರೆಗೆ ನಡೆದ ಮುಷ್ಕರಗಳಲ್ಲೆಲ್ಲ ದೊಡ್ಡದೆನಿಸಿತು. ಯಂತ್ರವು ಹೊಲಿಯಬಲ್ಲದು, ಅದರ ಲಾಭವು ಯಾರಿಗೆ ಸೇರಬೇಕೆಂಬುದನ್ನು ಅದು ತೀರ್ಮಾನಿಸಲಾರದು. ಈ ಪಾಠವನ್ನು ನಾವು ನೆನಪಿನಲ್ಲಿಡಬೇಕು.

ಭಾರತದಲ್ಲಿ ತೊಗಲಿಗೂ ಯಂತ್ರಕ್ಕೂ ನಂಟು ಬೆಳೆಯಲು ಇನ್ನೊಂದು ಕಾರಣವೂ ಕೂಡಿಬಂದಿತು. ನಮ್ಮ ಹಳ್ಳಿಗಳಲ್ಲಿ ತೊಗಲಿನ ಕೂದಲನ್ನು ಸುಣ್ಣದಿಂದ ತೆಗೆದು, ತಂಗಡಿಯ ತೊಗಟೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ನೆನೆಹಾಕಿ ಹದಮಾಡುತ್ತಿದ್ದರು. ಹೀಗೆ ಹದವಾದ ದಪ್ಪ ತೊಗಲು ಉಳಿಗೆ ಒಪ್ಪುವಂಥದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಎಂಬವರು ಕ್ರೋಮ್ ಲವಣಗಳಿಂದ ಹದಮಾಡುವ ನವೀನ ಕ್ರಮವನ್ನು ಪ್ರಯೋಗಿಸಿದರು. ನೀರಿಗೆ ಬೇಗ ಕೊಳೆಯದ ಆ ತೊಗಲು ಬಾವಿಯ ಚೀಲಗಳಿಗೆ ಯೋಗ್ಯವೆಂಬುದು ಅವರ ದೃಷ್ಟಿಯಲ್ಲಿದ್ದಿತು. ಮುಂದೆ ಇವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಕಾಲಕ್ರಮದಲ್ಲಿ ಎಣ್ಣೆಯ ಎಂಜಿನ್ನೂ ವಿದ್ಯುತ್ ಪಂಪೂ ಬಂದು ಕಪಿಲೆಯೇ ಮೂಲೆಗೆ ಸೇರಿತು. ಚೀಲದೊಡನೆ ಕಣದ ಪಾಲೂ ಹೋಯಿತು. ಆದರೆ ಮೃದುವಾಗಿ, ತೆಳುವಾಗಿ, ಮಡಿಸಿದರೆ ಮಣಿಯುವ ಕ್ರೋಮ್ ತೊಗಲು ಉಳಿಯಿತು. ಬೂಟಿನ ಮೇಲ್ಭಾಗಕ್ಕೂ ಕೈಚೀಲಕ್ಕೂ ಒದಗುವ ಆ ತೊಗಲು ಹೊಲಿಗೆಯ ಯಂತ್ರಕ್ಕೆ ಚೆನ್ನಾಗಿ ಒಗ್ಗುತ್ತದೆ.

ಇನ್ನು ಕಲಿಕೆಯ ಮಾತು. ಬಟ್ಟೆಯ ಯಂತ್ರವನ್ನು ಬಲ್ಲವನು ತೊಗಲನ್ನೂ ಹೊಲಿಯಬಲ್ಲನೆಂದು ಭಾವಿಸುವುದು ಸುಲಭ. ಆದರೆ ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಬಹುದು, ನೂಲುಗಳು ಮತ್ತೆ ಕೂಡಿಕೊಳ್ಳುತ್ತವೆ. ತೊಗಲಿನಲ್ಲಿ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ. ಆದುದರಿಂದ ಹೊಸಬನು ಮೊದಲು ದಾರವಿಲ್ಲದ ಸೂಜಿಯಿಂದ ಗೆರೆ ಎಳೆದ ಕಾಗದದ ಮೇಲೆ ಯಂತ್ರವನ್ನು ನಡೆಸಿ, ಅನಂತರ ತೊಗಲಿನ ಚೂರುಗಳ ಮೇಲೆ ಕೈಯನ್ನು ಸ್ಥಿರಪಡಿಸಿಕೊಳ್ಳಬೇಕು. ತೊಗಲಿನ ಸೂಜಿಯ ಮೊನೆ ಗುಂಡಗಿರದೆ, ಸಣ್ಣ ಅಲಗಿನಂತೆ ಕೊಯ್ಯುತ್ತ ಇಳಿಯುತ್ತದೆ. ಉಳಿಯೇ ಸೂಜಿಯೊಳಗೆ ಸೇರಿಕೊಂಡಿದೆ ಎನ್ನಬಹುದು. ಹೊಲಿಗೆಗಳು ತೀರ ಒತ್ತಾಗಿದ್ದರೆ ಅಂಚೆಚೀಟಿಯ ಅಂಚಿನಂತೆ ತೊಗಲು ಆ ಸಾಲಿನಲ್ಲಿಯೇ ಹರಿಯುತ್ತದೆ. ಆದುದರಿಂದ ಒಂದೊಂದು ಹೊಲಿಗೆಯೂ ಮೂರು ನಾಲ್ಕು ಮಿಲಿಮೀಟರಿನಷ್ಟು ಉದ್ದವಿರುವುದು ಲೇಸು. ಮೂಲೆಯನ್ನು ತಿರುಗಿಸುವಾಗ ಸೂಜಿಯನ್ನು ತೊಗಲಿನಲ್ಲಿಯೇ ನಿಲ್ಲಿಸಿ, ಒತ್ತುಪಾದವನ್ನು ಎತ್ತಿ, ತೊಗಲನ್ನು ಹೊರಳಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಕೊನೆಯಲ್ಲಿ ಹಿಂದುಮುಂದಾಗಿ ಹೊಲಿದು ತೂತುಗಳನ್ನು ಹೆಚ್ಚಿಸದೆ, ದಾರದ ತುದಿಗಳನ್ನು ಒಳಬದಿಗೆ ಎಳೆದು ಗಂಟುಹಾಕಬೇಕು.

ಇವೆಲ್ಲ ಯಂತ್ರದ ಪಾಠಗಳು. ಆದರೆ ಸೂಜಿ ಇಳಿಯುವುದಕ್ಕೆ ಮುಂಚಿನ ಕೆಲಸವೆಲ್ಲ ಹಳೆಯ ಕೈಯದೇ. ಎರಡು ತುಂಡುಗಳು ಕೂಡುವ ಅಂಚು ದಪ್ಪವಾಗದಂತೆ ರಂಪಿಗೆಯಿಂದ ಹೆರೆಯುವುದು, ಗುಂಡುಸೂಜಿ ಚುಚ್ಚದೆ ಅಂಟಿನಿಂದ ಜೋಡಿಸುವುದು, ಬೆನ್ನಿನ ಭಾಗದ ಗಟ್ಟಿ ತೊಗಲನ್ನೂ ಹೊಟ್ಟೆಯ ಭಾಗದ ಸಡಿಲ ತೊಗಲನ್ನೂ ಬೆರಳಿನಿಂದ ಮುಟ್ಟಿ ತಿಳಿಯುವುದು, ಇವನ್ನು ಯಾವ ಯಂತ್ರವೂ ಕಲಿಸಲಾರದು. ತೊಗಲಿನ ಹದವನ್ನು ಬಲ್ಲವನು ಕೆಲವು ವಾರಗಳಲ್ಲಿ ಯಂತ್ರವನ್ನು ಕಲಿತಾನು. ಯಂತ್ರವನ್ನು ಮಾತ್ರ ಬಲ್ಲವನಿಗೆ ಹದವು ತಿಳಿಯಲು ವರ್ಷಗಳು ಬೇಕು. ಅಲ್ಲದೆ, ಬಲದಲ್ಲಿ ಕೈಹೊಲಿಗೆಯೇ ಇಂದಿಗೂ ಮೇಲು. ಎರಡು ಸೂಜಿಗಳಿಂದ ಒಂದೇ ತೂತಿನಲ್ಲಿ ಎರಡು ಬದಿಯಿಂದಲೂ ದಾರವನ್ನು ದಾಟಿಸುವ ಕೈಹೊಲಿಗೆಯಲ್ಲಿ ಒಂದೆಡೆ ದಾರ ಸವೆದು ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಒಂದು ದಾರ ಕಡಿದರೆ ನೆರೆಯ ಕುಣಿಕೆಗಳೂ ಸಡಿಲವಾಗಬಹುದು. ೨೦೧೯ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಆ ಚಪ್ಪಲಿಯ ಹಿರಿಮೆಯಿರುವುದು ಕೈಗೆಲಸದಲ್ಲಿಯೇ.

ಹಾಗಾದರೆ ಯಂತ್ರವು ಬೇಡವೆ? ಈ ಪ್ರಶ್ನೆಗೆ ಗಾಂಧೀಜಿಯವರ ಜೀವನವು ಉತ್ತರವನ್ನು ಕೊಡುತ್ತದೆ. ೧೯೧೦ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಅವರು ಗೆಳೆಯ ಕಾಲೆನ್‌ಬಾಕರಿಂದ ಚಪ್ಪಲಿ ಮಾಡುವುದನ್ನು ಕಲಿತರು. ತಾವು ಮಾಡಿದ ಜೋಡೊಂದನ್ನು ಎದುರಾಳಿಯಾದ ಜನರಲ್ ಸ್ಮಟ್ಸರಿಗೆ ಕಾಣಿಕೆಯಾಗಿ ಕೊಟ್ಟರು. ಯಂತ್ರನಾಗರಿಕತೆಯನ್ನು ಅಷ್ಟು ಕಟುವಾಗಿ ಖಂಡಿಸಿದ ಅದೇ ಮಹನೀಯರು ೧೯೨೪ರ ಒಂದು ಸಂವಾದದಲ್ಲಿ ಸಿಂಗರನ ಹೊಲಿಗೆಯ ಯಂತ್ರಕ್ಕೆ ಮಾತ್ರ ವಿನಾಯಿತಿಯನ್ನು ಕೊಟ್ಟರು. ಮನುಷ್ಯನ ಶ್ರಮವನ್ನು ಹಗುರಮಾಡುವ ಯಂತ್ರ ಬೇರೆ, ಅವನ ಕೈಯನ್ನೇ ಕೆಲಸವಿಲ್ಲದಂತೆ ಮಾಡುವ ಯಂತ್ರ ಬೇರೆ ಎಂಬುದು ಅವರ ವಿವೇಕ. ಬೂಟು ರಿಪೇರಿಗೆಂದು ಸಿಂಗರ್ ಕಂಪನಿಯು ತಂದ ಇಪ್ಪತ್ತೊಂಬತ್ತನೆಯ ಸಂಖ್ಯೆಯ ಯಂತ್ರವನ್ನು ನೋಡಿದರೆ ಈ ಭೇದವು ಸ್ಪಷ್ಟವಾಗುತ್ತದೆ. ಅದರ ತೋಳು ಸಪೂರವಾಗಿ, ಬೂಟಿನೊಳಕ್ಕೇ ಹೋಗುತ್ತದೆ. ಒತ್ತುಪಾದವೇ ತೊಗಲನ್ನು ಮುಂದಕ್ಕೆ ಸರಿಸುತ್ತ, ಬೇಕಾದ ದಿಕ್ಕಿಗೆ ಸುತ್ತಲೂ ತಿರುಗುತ್ತದೆ. ಒಬ್ಬನೇ ಕುಳಿತು, ಕೈಯಿಂದ ಚಕ್ರವನ್ನು ತಿರುಗಿಸಿ, ತನ್ನ ಅಂಗಡಿಗೆ ತಾನೇ ಒಡೆಯನಾಗಿ ದುಡಿಯುವುದಕ್ಕೆ ಹೇಳಿಮಾಡಿಸಿದ ಯಂತ್ರವದು.

ಕರ್ನಾಟಕದಲ್ಲಿ ೧೯೭೬ರಲ್ಲಿ ಸ್ಥಾಪಿತವಾಗಿ, ಈಗ ಡಾ. ಬಾಬು ಜಗಜೀವನರಾಂ ಅವರ ಹೆಸರನ್ನು ಹೊತ್ತಿರುವ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವು ಈ ಕಸುಬಿನವರಿಗೆಂದೇ ಇದೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಆದರೂ ತೊಗಲನ್ನು ಹೊಲಿಯುವ ಮನೆಯ ತರುಣನು ವಿದ್ಯೆ ಕಲಿತೊಡನೆ ಉಳಿಯನ್ನು ಕೆಳಗಿಡಲು ತವಕಪಟ್ಟರೆ ಅವನನ್ನು ದೂರುವಂತಿಲ್ಲ. ಆ ಉಳಿಗೆ ಅವಮಾನವನ್ನು ಅಂಟಿಸಿದವರು ನಾವು. ಇತ್ತ ಪಟ್ಟಣಗಳಲ್ಲಿ ಅದೇ ತೊಗಲ ಹೊಲಿಗೆಯು ಹವ್ಯಾಸವೆಂಬ ಹೆಸರಿನಲ್ಲಿ, ಕಲೆಯೆಂಬ ಗೌರವದೊಡನೆ, ಶುಲ್ಕ ತೆತ್ತು ಕಲಿಯುವ ವಿದ್ಯೆಯಾಗುತ್ತಿದೆ. ಕಲಿಯುವವರು ಕಲಿಯಲಿ, ಅದು ಸಂತೋಷದ ವಿಷಯವೇ. ಆದರೆ ಕಲಿಸುವ ಪೀಠದ ಮೇಲೆ ಯಾರು ಕುಳಿತಿದ್ದಾರೆಂಬುದನ್ನು ಗಮನಿಸಬೇಕು.

ಕೋಗಳಿ ನಾಡಿನ ಯಾವುದೇ ಊರಿನಲ್ಲಿ ತೊಗಲಿನ ಯಂತ್ರವನ್ನು ಕಲಿಸುವ ಶಾಲೆಯೊಂದು ತೆರೆದರೆ, ಅದರ ಮೊದಲ ಉಪಾಧ್ಯಾಯನು ರಂಪಿಗೆ ಹಿಡಿದು ಸವೆದ ಕೈಯುಳ್ಳ ಮುದುಕನಾಗಿರಬೇಕು. ಅವನಿಗೆ ಇತರ ಉಪಾಧ್ಯಾಯರಿಗೆ ಸಲ್ಲುವ ಸಂಬಳವೂ ಕುರ್ಚಿಯೂ ಸಲ್ಲಬೇಕು. ಕಲಿತ ಹುಡುಗ ಹುಡುಗಿಯರಿಗೆ ಕೂಲಿಯ ಸ್ಥಾನವಲ್ಲ, ಯಂತ್ರದ ಒಡೆತನ ದೊರೆಯಬೇಕು. ಇಲ್ಲವಾದರೆ ಲಿನ್ ಪಟ್ಟಣದ ಕಥೆಯೇ ಇಲ್ಲಿಯೂ ಮರುಕಳಿಸೀತು. ಯಂತ್ರವು ಉಳಿಯಿಂದ ಹುಟ್ಟಿತು. ಆ ಸಾಲವನ್ನು ಉಳಿ ಹಿಡಿದ ಕೈಗಳಿಗೆ ತೀರಿಸುವುದು ನ್ಯಾಯ.